ಹೆಸರಿಲ್ಲದ ಅಜ್ಜನ ಹಾಡು

ಇದನ್ನು ಬರೆಯಲು ಕುಳಿತ ಸ್ವಲ್ಪ ಹೊತ್ತಿಗೇ ಕರೆಂಟ್ ಹೋಯಿತು. ನಿಮ್ಮ ಊರಿನಲ್ಲಿ ಕರೆಂಟ್ ಹೋದರೆ ಫ್ಯಾನು ನಿಲ್ಲಬಹುದು, ಯಾರಾದರೂ ಯಾರಿಗಾದರೂ ಬೈಯಬಹುದು. ನಮ್ಮ ರಬಕವಿಯಲ್ಲಿ ಹಾಗಲ್ಲ. ಓಣಿಯ ಕರೆಂಟಿನ ಮಗ್ಗಗಳೆಲ್ಲ ಒಮ್ಮೆಲೇ ನಿಲ್ಲುತ್ತವೆ. ಇಷ್ಟು ಹೊತ್ತೂ ಗದ್ದಲವಿತ್ತು ಎಂಬುದು ಆಗ ನೆನಪಾಗುತ್ತದೆ. ನಾವು ಆ ಸಪ್ಪಳದಲ್ಲೇ ಉಂಡು, ಮಲಗಿ, ಮಕ್ಕಳಿಗೆ ಮಗ್ಗಿ ಕಲಿಸಿದವರು. ಪರಊರಿಗೆ ಹೋದರೆ ಮೊದಲ ರಾತ್ರಿ ನನಗೆ ನಿದ್ದೆಯೇ ಬರುವುದಿಲ್ಲ. ಏನೋ ಕೆಟ್ಟಿದೆ ಎಂದು ಅನುಮಾನ.

ಈಗಲೂ ಸಪ್ಪಳ ನಿಂತ ಕೂಡಲೇ ನನ್ನ ಕಣ್ಣು ಗೋಡೆಯ ಮೊಳೆಗಳ ಕಡೆ ಹೋಯಿತು. ಮಲಗುವ ಕೋಣೆಯ ನಾಲ್ಕೂ ಗೋಡೆಗಳಿಗೆ ಮೊಳೆ ಹೊಡೆದವನು ನಾನೇ. ಬನಹಟ್ಟಿಯ ಹೈಸ್ಕೂಲಿನಲ್ಲಿ ಗಣಿತ ಹೇಳುವ ಮಾಸ್ತರ ನಾನು. ಸರಳರೇಖೆಯ ಬಗ್ಗೆ ಗಂಟೆಗಟ್ಟಲೆ ಮಾತಾಡಬಲ್ಲೆ. ಆ ಮೊಳೆಗಳನ್ನು ನೋಡಿದವರು ಮಾತ್ರ ನನ್ನ ಬಳಿ ಮಕ್ಕಳನ್ನು ಕಳಿಸಲಾರರು. ಅವು ಕ್ಯಾಲೆಂಡರಿಗೂ ಅಲ್ಲ, ದೇವರ ಫೋಟೋಕ್ಕೂ ಅಲ್ಲ. ಕೌದಿ ತೂಗುಹಾಕಲಿಕ್ಕೆ. ಹಳೆ ಸೀರೆ, ಅಂಗಿಯ ತುಂಡುಗಳನ್ನೆಲ್ಲ ಕೂಡಿಸಿ ನನ್ನ ಅವ್ವ ಹೊಲಿದ ದಪ್ಪನೆಯ ಕೌದಿಗಳು ನಮ್ಮ ಮನೆಯಲ್ಲಿ ಬೇಕಾದಷ್ಟಿವೆ. ನಾಲ್ಕು ಗೋಡೆಗೂ ಕೌದಿ ತೂಗುಹಾಕಿದರೆ ಕೋಣೆ ಮೂಕಾಗುತ್ತದೆ ಎಂದು ಯಾರೋ ಹೇಳಿದ್ದರು. ಆ ಮೂಕ ಕೋಣೆಯಲ್ಲಿ ನನ್ನ ಹೆಂಡತಿ ಸುವರ್ಣಾ ಒಂದು ಹಾಡು ರೆಕಾರ್ಡ್ ಮಾಡಬೇಕಿತ್ತು. ಕೌದಿ ಎಷ್ಟೇ ದಪ್ಪವಿದ್ದರೂ ಮಗ್ಗದ ಸಪ್ಪಳದ ಮುಂದೆ ಆಟ ನಡೆಯುವುದಿಲ್ಲ. ಹಾಗಾಗಿ ನಾವು ಕರೆಂಟ್ ಹೋಗುವುದನ್ನೇ ಕಾಯುತ್ತಿದ್ದೆವು.

ಸುವರ್ಣಾ ಬೀಳಗಿ ಕಡೆಯವಳು. ಅವಳು ಹುಟ್ಟಿದ ಊರು ಈಗ ಅಣೆಕಟ್ಟಿನ ಹಿನ್ನೀರಿನ ಕೆಳಗಿದೆ. ತವರು ಎಂದರೆ ದೂರದಲ್ಲಿ ಕಟ್ಟಿದ ಹೊಸ ಊರು. ಮದುವೆಯಾಗಿ ಬಂದ ವರ್ಷವೇ ನಮ್ಮ ಓಣಿಯ ಮಠದ ಸೋಮವಾರದ ಭಜನೆಗೆ ಹೋಗಿ ಕುಳಿತವಳು, ಎರಡನೆಯ ವಾರಕ್ಕೆ ಮುಂದಿನ ಸಾಲಿಗೆ ಬಂದಳು. ಏರುದನಿ ಅವಳದು. ಅವಳು ಮೇಲಿನ ಸ್ವರ ಹಿಡಿದಾಗ ಹಾರ್ಮೋನಿಯಂ ನುಡಿಸುವವರು ತಲೆ ಎತ್ತಿ ನೋಡುತ್ತಿದ್ದರು. ನಾನು ಗಂಡಸರ ಸಾಲಿನಲ್ಲಿ ಕುಳಿತು, ಆ ದನಿಗೂ ನನಗೂ ಸಂಬಂಧವಿದೆ ಎಂದು ಎಲ್ಲರಿಗೂ ತಿಳಿಯಲಿ ಎಂಬಂತೆ ಕೆಮ್ಮುತ್ತಿದ್ದೆ.

ಎರಡು ವರ್ಷದ ಹಿಂದೆ ಅವಳ ಕುತ್ತಿಗೆಯಲ್ಲಿ ಗಂಟು ಕಾಣಿಸಿಕೊಂಡಿತು. ಮಿರಜಿಗೆ ಹೋಗಿ ಆಪರೇಷನ್ ಮಾಡಿಸಿಕೊಂಡು ಬಂದೆವು. ಗಂಟು ಹೋಯಿತು, ಜೀವಕ್ಕೆ ಅಪಾಯವಿಲ್ಲವೆಂದರು, ಅದೇ ದೊಡ್ಡದು. ಆದರೆ ದನಿ ತಿರುಗಿ ಬಂದಾಗ ಅದು ಬೇರೆಯದಾಗಿತ್ತು. ಕೆಳಗಿಳಿದಿತ್ತು, ಅಂಚಿನಲ್ಲಿ ತುಸು ಒರಟಾಗಿತ್ತು. ಸೋಮವಾರ ಭಜನೆಗೆ ಹೋಗುವುದನ್ನು ಅವಳು ಬಿಡಲಿಲ್ಲ. ಹಿಂದಿನ ಸಾಲಿನಲ್ಲಿ ಕುಳಿತು ತಾಳ ಬಾರಿಸಿ ಬರುತ್ತಿದ್ದಳು. ತುಟಿ ಮಾತ್ರ ಬಿಚ್ಚುತ್ತಿರಲಿಲ್ಲ. ಮನೆಯಲ್ಲಿ ರೊಟ್ಟಿ ಬಡಿಯುವಾಗ ಹಾಡುತ್ತಿದ್ದವಳು ಅದನ್ನೂ ಬಿಟ್ಟಳು. ಹಾಡಿಲ್ಲದ ನಮ್ಮ ಮನೆ ಇಷ್ಟು ಸಣ್ಣದೆಂದು ನನಗೆ ಆಗಲೇ ಅನ್ನಿಸಿದ್ದು.

ಹೀಗಿರುವಾಗ ಒಂದು ದಿನ ಅವಳೇ ಒಂದು ಹಾಡು ಕಟ್ಟಿದಳು. ಎರಡೇ ನುಡಿ, ಎಂದರೆ ಎರಡೇ ಚರಣ. ಅದರ ಪಲ್ಲವಿ ಹೀಗಿದೆ:

ಹೊಳಿಯಾಚಿ ದಂಡ್ಯಾಗ ದೀಪ ಕಂಡಿತ ಅವ್ವಾ,
ನಮ್ಮನಿ ದೀಪ ಅದು ಹೌದೋ ಅಲ್ಲೋ.

ಹಾಡಿ ರೆಕಾರ್ಡ್ ಮಾಡುತ್ತೇನೆ, ಹೇಗೆ ಕೇಳಿಸುತ್ತದೆ ಎಂದು ನಾಲ್ಕು ಮಂದಿಯನ್ನು ಕೇಳುತ್ತೇನೆ, ಬರೋಬ್ಬರಿ ಇಲ್ಲವಾದರೆ ಹಾಡುವ ಚಿಂತೆಯನ್ನೇ ಬಿಟ್ಟುಬಿಡುತ್ತೇನೆ ಎಂದಳು. ಬೆಂಡೆಕಾಯಿ ಹೆಚ್ಚುತ್ತ ಹೇಳಿದ ಮಾತು. ನಾನು ಮೊಳೆ ಹೊಡೆಯಲು ಎದ್ದೆ.

ಕರೆಂಟ್ ಹೋದರೆ ಶಾಂತಿ ಸಿಗುತ್ತದೆಂದು ಲೆಕ್ಕ ಹಾಕಿದ ಗಣಿತದ ಮಾಸ್ತರನಿಗೆ ಒಂದು ಸಂಗತಿ ಹೊಳೆದಿರಲಿಲ್ಲ. ಮಗ್ಗ ನಿಂತರೆ ನೇಕಾರರು ಹೊರಗೆ ಬರುತ್ತಾರೆ. ಬಂದು ನಮ್ಮ ಕಿಟಕಿಯ ಕೆಳಗಿನ ಕಟ್ಟೆಯ ಮೇಲೆ ಕುಳಿತು ತಂಬಾಕು ತಿಕ್ಕುತ್ತ ಲೋಕದ ವಿಚಾರವನ್ನೆಲ್ಲ ಮಾತಾಡುತ್ತಾರೆ. ಸುಮ್ಮನಿರಿ ಎನ್ನುವಂತಿಲ್ಲ, ಏಕೆಂದರೆ ಒಳಗೆ ನಡೆದದ್ದು ಗುಟ್ಟು. ಕೊನೆಗೆ ನಾನೇ ಹೊರಗೆ ಹೋಗಿ, ಚಹಾ ಕುಡಿಯೋಣ ಬರ್ರಿ ಎಂದು ಎಲ್ಲರನ್ನೂ ಮೂಲೆಯ ಅಂಗಡಿಗೆ ಕರೆದುಕೊಂಡು ಹೋದೆ. ನನ್ನ ಔದಾರ್ಯ ಕಂಡು ಅವರಿಗೆ ಗಾಬರಿಯಾಯಿತು. ನಾನು ಬರುವಷ್ಟರಲ್ಲಿ ಜೋಳ ತುಂಬಿದ ಡಬ್ಬಿಗೆ ಫೋನನ್ನು ಆನಿಸಿಟ್ಟು ಸುವರ್ಣಾ ಹಾಡಿ ಮುಗಿಸಿದ್ದಳು. ಎರಡನೆಯ ನುಡಿಗೆ ಬಂದಾಗ ಗಂಟಲು ದಣಿಯಿತು, ಅದನ್ನು ಕತ್ತರಿಸಿ ಒಗೆಯಬೇಕು ಎಂದಳು. ಕತ್ತರಿಸುವುದು ನನಗೆ ಬರುತ್ತಿರಲಿಲ್ಲ. ಹಾಗೇ ಉಳಿಯಿತು.

ಮೊದಲು ಕೇಳಿದವನು ನಾನು. ಹಾಡು ಇನ್ನೂ ನಡೆದಿರುವಾಗಲೇ ಛಲೋ ಆಗಿದೆ ಎಂದುಬಿಟ್ಟೆ. ಅವಳು ನನ್ನನ್ನು ನೋಡಿದ ರೀತಿ ನನಗೆ ಗೊತ್ತು. ಪೇಪರು ತಿದ್ದದೆ ಅಂಕ ಹಾಕಿದಾಗ ಹೆಡ್ ಮಾಸ್ತರರು ಹಾಗೆ ನೋಡುತ್ತಾರೆ. ಬಳಿಕ ಬಳಗದವರ ವಾಟ್ಸಾಪ್ ಗ್ರೂಪಿಗೆ ಹಾಕಿದೆವು. ಕೈಮುಗಿದ ಚಿತ್ರ, ಹೂವಿನ ಚಿತ್ರ, ಹೆಬ್ಬೆರಳು, ಸೂಪರ್ ಅಕ್ಕ. ಜಮಖಂಡಿಯ ನನ್ನ ತಮ್ಮನ ಹೆಂಡತಿ ಫೋನ್ ಮಾಡಿ, ಆಪರೇಷನ್ ಆಗಿದೆ ಎನ್ನುವುದೇ ಗೊತ್ತಾಗುವುದಿಲ್ಲ, ದನಿ ಮೊದಲಿನ ಹಾಗೇ ಇದೆ ಎಂದಳಂತೆ. ನಾನು ಹಿಗ್ಗಿದೆ. ಸುವರ್ಣಾ ಫೋನನ್ನು ಕವುಚಿ ಇಟ್ಟಳು.

“ಫರಕ ಐತ್ರಿ,” ಎಂದಳು. “ನನಗ ಕೇಳಸ್ತೈತಿ. ಇವ್ರಿಗೆ ಯಾರಿಗೂ ಕೇಳಸೂದಿಲ್ಲಂದ್ರ, ಇವ್ರು ಹಾಡು ಕೇಳೇ ಇಲ್ಲ. ನನ್ನ ನೆನಸಿಕೊಂಡು ಛಲೋ ಅಂದಾರ.”

ಪ್ರೀತಿಯಿಂದ ಕೊಟ್ಟದ್ದನ್ನು ಬೇಡವೆನ್ನುವವರಿಗೆ ಏನು ಹೇಳಬೇಕು? ಕೊನೆಗೆ ಅವಳೇ ದಾರಿ ತೋರಿಸಿದಳು. ಹೆಸರು ಹಾಕದೆ, ತನ್ನ ದನಿಯ ಗುರುತಿಲ್ಲದವರಿಗೆ ಕೇಳಿಸಬೇಕು. ಅವರು ಅಂದದ್ದನ್ನು ಒಂದಕ್ಷರ ಬಿಡದೆ ತಂದು ಹೇಳಬೇಕು. ಸಿಹಿ ಹಚ್ಚಬಾರದು. ಆಣೆ ಮಾಡಿಸಿಕೊಂಡಳು.

ಪಕ್ಕದ ಶೆಡ್ಡಿನಲ್ಲಿ ಶಿವಪ್ಪ ಎಂಬ ನೇಕಾರನಿದ್ದಾನೆ. ಭಜನೆಗೆ ಬರುವವನಲ್ಲ, ಸುವರ್ಣಾ ಹಾಡಿದ್ದನ್ನು ಕೇಳಿದವನಲ್ಲ. ಮಗ್ಗದ ಮೇಲ್ಗಡೆ ಒಂದು ಸಣ್ಣ ಸ್ಪೀಕರ್ ಕಟ್ಟಿಕೊಂಡು ದಿನವಿಡೀ ಹಾಡು ಕೇಳುತ್ತಾನೆ. ಆ ಗದ್ದಲದಲ್ಲಿ ಅವನಿಗೆ ಹಾಡು ಹೇಗೆ ಕೇಳಿಸುತ್ತದೆಯೋ ನನಗಿನ್ನೂ ತಿಳಿದಿಲ್ಲ. ಹಾಡು ಹಾಕಿಕೊಡಿ ಎಂದು ಆಗಾಗ ಮೆಮೊರಿ ಕಾರ್ಡ್ ತಂದು ನನ್ನ ಕೈಗೆ ಕೊಡುತ್ತಿದ್ದ. ಈ ಸಲ ಕೊಟ್ಟಾಗ ನೂರೆಂಟು ಹಾಡುಗಳ ನಡುವೆ ಇದನ್ನೂ ಸೇರಿಸಿದೆ. ಆಮೇಲೆ ಏನೋ ನೆಪ ಮಾಡಿಕೊಂಡು ಶೆಡ್ಡಿಗೆ ಹೋಗಿ ನಿಲ್ಲತೊಡಗಿದೆ. ಸುವರ್ಣಾಳ ಹಾಡು ಶುರುವಾದ ಕೂಡಲೇ ಶಿವಪ್ಪ ಕೈ ಚಾಚಿ ಗುಂಡಿ ಒತ್ತಿ ಮುಂದಿನ ಹಾಡಿಗೆ ಹೋಗುತ್ತಿದ್ದ. ಮರುದಿನವೂ ಅದೇ. ಮನೆಗೆ ಬಂದು, ಇನ್ನೂ ಕೇಳಿಲ್ಲವಂತೆ ಎನ್ನುತ್ತಿದ್ದೆ. ಆಣೆಯನ್ನು ಮುರಿಯಲಿಲ್ಲ, ಸ್ವಲ್ಪ ಬಾಗಿಸಿದೆ.

ಒಂದು ದಿನ ಅವನೇ ಮನೆ ಬಾಗಿಲಿಗೆ ಬಂದ. ಬೇರೆ ಮಾತೆಲ್ಲ ಆಡಿ, ಹೋಗುವಾಗ ಹೇಳಿದ.

“ಮಾಸ್ತರ್ರ, ಆ ಅಜ್ಜ ಯಾರ್ರೀ, ಹೊಳಿ ದೀಪದ ಹಾಡಿನಾಂವ?”

ಯಾಕೆ ಎಂದೆ.

“ಮೊದ್ಲ ಬ್ಯಾಸರಾಗಿ ಮುಂದ ಓಡಸ್ತಿದ್ನಿರಿ. ನಿನ್ನೆ ನೂಲಿನ ಎಳಿ ಹರದಿತ್ತು, ಕಟ್ಟಾಕತ್ತಿದ್ನಿ, ಕೈ ಖಾಲಿ ಇರಲಿಲ್ಲ, ಪೂರಾ ಕೇಳಿದ್ನಿ. ಮೊದಲನೇ ನುಡಿ ಅಜ್ಜ ಒದರ್ತಾನ್ರಿ, ಹೊಳಿ ಆಚಿಂದ ಯಾರ್ನೋ ಕರದಾಂಗ. ಎರಡನೇದು ನೋಡ್ರಿ, ಬಾಜೂಕ ಕುಂತು ಹೇಳಿದಾಂಗ ಐತಿ. ಅದನ್ನ ಹೊಳ್ಳಿ ಹೊಳ್ಳಿ ಹಚ್ಚಿದ್ನಿ.”

ಅವನು ಹೋದ ಮೇಲೆ ನಾನು ಬಾಗಿಲಲ್ಲೇ ನಿಂತೆ. ಊರಿಗೆಲ್ಲ ಏರುದನಿಯ ಸುವರ್ಣಾ ಎಂದು ಹೆಸರಾದವಳಿಗೆ ಅಜ್ಜ ಎಂದ ಸುದ್ದಿಯನ್ನು ಹೇಗೆ ಹೇಳುವುದು? ಅಜ್ಜಿ ಎಂದಿದ್ದರಾದರೂ ಚಿಂತೆಯಿರಲಿಲ್ಲ. ಆದರೂ ಹೇಳಿದೆ, ಒಂದಕ್ಷರ ಬಿಡದೆ. ಅವಳು ಕೇಳಿಸಿಕೊಂಡು ಅಡುಗೆಮನೆಗೆ ಹೋದಳು. ಒಳಗಿನಿಂದ ಉಸಿರು ಕಟ್ಟಿದಂಥ ಸದ್ದು ಬಂತು. ಅಳುತ್ತಿದ್ದಾಳೆಂದು ಓಡಿದೆ. ಒಲೆಕಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅಜ್ಜ ಎಂದು ಹೇಳುವುದು, ನಗುವುದು, ಮತ್ತೆ ಅಜ್ಜ ಎನ್ನುವುದು. ನಕ್ಕು ನಕ್ಕು ಕೊನೆಗೆ ಸ್ವಲ್ಪ ಅತ್ತಳು. ನನಗೂ ಕಣ್ಣು ತುಂಬಿ ಬಂತು, ಮುಚ್ಚಿಡುವುದೇನಿದೆ? ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಅಂದಳು:

“ಖರೆ ಹೇಳ್ಯಾನ ನೋಡ್ರಿ. ಮೊದಲ್ನೇ ನುಡಿಗೆ ನಾನು ಹಳೇ ದನಿ ಹುಡಕಾಕತ್ತಿದ್ನಿ. ಎರಡನೇದಕ್ಕ ದಣಿದು ಬಿಟ್ಟುಬಿಟ್ನಿ.”

ಕತ್ತರಿಸಿ ಒಗೆಯಬೇಕೆಂದಿದ್ದಳಲ್ಲ, ಅದೇ ನುಡಿ. ಹಾಡನ್ನು ಪೂರ್ತಿ ಕೆಳಗಿನ ಸ್ವರದಲ್ಲಿ ಮತ್ತೊಮ್ಮೆ ಹಾಡುವುದೆಂದು ನಿರ್ಧಾರವಾಯಿತು. ಆಗ ನೋಡಿ, ಕರೆಂಟ್ ಹೋಗುವುದನ್ನೇ ಬಿಟ್ಟಿತು. ಎಷ್ಟೋ ವರ್ಷ ಬೈದು ಬೈದು ಸರಿ ಮಾಡಿಸಿಕೊಂಡ ಸೌಕರ್ಯ ನಮಗೆ ಬೇಡವಾದಾಗಲೇ ಸರಿಯಾಗಿ ನಡೆಯಿತು. ಅಂತೂ ಒಂದು ದಿನ ಹೋಯಿತು. ಅವಳು ಕುರ್ಚಿ ಬಿಟ್ಟು ನೆಲದ ಮೇಲೆ ಕುಳಿತು, ಯಾರಿಗೋ ಸುದ್ದಿ ಹೇಳುವವಳ ಹಾಗೆ ಹಾಡಿದಳು. ಹೊಸದನ್ನು ಶಿವಪ್ಪನ ಕಾರ್ಡಿಗೆ ಹಾಕಿದೆ, ಹೆಸರಿಲ್ಲದೆಯೇ. ಹೆಸರು ಹಾಕೋಣವೆಂದರೆ ಅವಳು ಒಪ್ಪಲಿಲ್ಲ. ಸೋಮವಾರ ಹಿಂದಿನ ಸಾಲಿನಲ್ಲೇ ಕುಳಿತಳು, ತಾಳ ಬಾರಿಸಿದಳು, ಬಂದಳು. ಕೌದಿಯ ಕೋಣೆಯಲ್ಲಿ ಹಾಡುವುದು ಬೇರೆ, ಮಂದಿಯ ಮುಖ ನೋಡುತ್ತ ಹಾಡುವುದು ಬೇರೆ ಎಂದಳು. ನಾನು ಒತ್ತಾಯ ಮಾಡಲಿಲ್ಲ. ಹೀಗೇ ಉಳಿಯುತ್ತದೇನೋ ಎಂಬ ಅಂಜಿಕೆ ಮಾತ್ರ ಇತ್ತು.

ಹೋದ ವಾರ ಡಾಕ್ಟರಿಗೆ ತೋರಿಸಿಕೊಂಡು ಜಮಖಂಡಿಯಿಂದ ಬೈಕಿನಲ್ಲಿ ಬರುತ್ತಿದ್ದೆವು. ಕಬ್ಬಿನ ಹಂಗಾಮು. ನಮ್ಮ ಕಡೆ ಕಬ್ಬಿನ ಟ್ರ್ಯಾಕ್ಟರು ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬೀಳುತ್ತದೆ. ಡ್ರೈವರುಗಳು ಎಂಜಿನ್ನಿಗಿಂತ ಸ್ಪೀಕರಿನ ಕಡೆ ಹೆಚ್ಚು ಲಕ್ಷ್ಯ ಕೊಡುವವರು. ದಾರಿಯಲ್ಲಿ ಚಹಾಕ್ಕೆಂದು ಇಳಿದರೆ, ಹೋಟೆಲಿನ ಮುಂದೆ ಖಾಲಿ ಟ್ರೇಲರು ಕಟ್ಟಿದ ಟ್ರ್ಯಾಕ್ಟರು ನಿಂತಿತ್ತು. ಅದರ ಸ್ಪೀಕರಿನಲ್ಲಿ ಹೊಳೆಯಾಚೆಯ ದೀಪ.

ನಾನು ಬಾಯಿ ತೆರೆದೆ. ಸುವರ್ಣಾ ನನ್ನ ತೋಳು ಹಿಡಿದು ಜಗ್ಗಿದಳು. ಬೆಂಚಿನ ಮೇಲೆ ಕುಳಿತಿದ್ದ ಡ್ರೈವರನನ್ನು, ಯಾರು ಹಾಡಿದ್ದು ಇದು ಎಂದು ತಾನೇ ಕೇಳಿದಳು. ಯಾರೋ ರಬಕವಿ ಕಡೆಯ ಅಜ್ಜನಂತೆ, ಹೆಸರು ಗೊತ್ತಿಲ್ಲ ಎಂದ. ಅವನು ಮುಧೋಳದ ಕಡೆಯವನು, ರನ್ನ ಬೆಳಗಲಿಯವನು. ಕಾರ್ಡಿನಿಂದ ಕಾರ್ಡಿಗೆ ಹಾರಿ ಹಾಡು ಅಲ್ಲಿಯವರೆಗೆ ಹೋಗಿತ್ತು.

“ಛಲೋ ಐತೇನು ತಮ್ಮಾ?” ಎಂದಳು.

ಅವನು ನಿಜವಾಗಿ ವಿಚಾರ ಮಾಡಿದ.

“ಕಬ್ಬು ಹೇರಿಕೊಂಡು ಹೋಗುವಾಗ ಇದು ಬ್ಯಾಡ್ರಿ ಅಕ್ಕಾರ, ನಿದ್ದಿ ಬರ್ತೈತಿ. ಆವಾಗ ಡಿಜೆ ಬೇಕು. ಖಾಲಿ ಮಾಡಿ ಮನಿಗೆ ಹೊಳ್ಳುವಾಗ ಇದನ್ನ ಹಚ್ತೇನಿ.”

ಸುವರ್ಣಾ ಚಹಾದ ಬಸಿಯನ್ನು ಕೆಳಗಿಟ್ಟಳು. ಆ ಅಜ್ಜ ನಾನೇ ಎಂದಳು. ಅವನು ನನ್ನ ಮುಖ ನೋಡಿ ನಕ್ಕ. ಅಕ್ಕಾರು ನಗಿಸಲಿಕ್ಕೆ ಚಾಷ್ಟಿ ಮಾಡುತ್ತಿದ್ದಾರೆ ಎಂದುಕೊಂಡಿರಬೇಕು. ಅವಳು ಬೆಂಚಿನ ಮೇಲೆ ಕುಳಿತಲ್ಲೇ, ಅವನ ಮುಖವನ್ನೇ ನೋಡುತ್ತ, ಎರಡನೆಯ ನುಡಿ ಎತ್ತಿದಳು. ಡ್ರೈವರ ಎದ್ದು ಹೋಗಿ ಸ್ಪೀಕರ್ ಬಂದ್ ಮಾಡಿದ. ಚಹಾ ಸೋಸುತ್ತಿದ್ದವನು ಕೈ ನಿಲ್ಲಿಸಿದ. ಒಂದು ಕಡೆ ದನಿ ಒಡೆಯಿತು. ಅವಳು ನಿಲ್ಲಲಿಲ್ಲ, ಅದನ್ನು ದಾಟಿಕೊಂಡು ಹೋದಳು. ನಾನು ಕೆಮ್ಮಲಿಲ್ಲ.

ಮುಗಿದ ಮೇಲೆ ಅವನು ಹೊಗಳಲಿಲ್ಲ. ತಕರಾರು ತೆಗೆದ.

“ಹಾಡು ಸಣ್ಣದಾತ್ರಿ ಅಕ್ಕಾರ. ಊರು ಬರೂದ್ರಾಗ ಮುಗದ ಹೋಗ್ತೈತಿ. ಇನ್ನೊಂದು ನುಡಿ ಬೇಕು ಇದಕ್ಕ.”

ರಬಕವಿ ಮುಟ್ಟುವವರೆಗೆ ನನ್ನ ಬೆನ್ನ ಹಿಂದೆ ಮೂರನೆಯ ನುಡಿ ತಯಾರಾಗುತ್ತಿತ್ತು. ನಡುವೆ ಒಂದು ಶಬ್ದಕ್ಕೆ ನನ್ನ ಅಭಿಪ್ರಾಯ ಕೇಳಿದಳು. ಕೊಟ್ಟೆ. ಬೇಡವೆಂದು ಬಿಟ್ಟಳು.

ಇವತ್ತು ಸೋಮವಾರ. ಹಾಡುವ ದಿನ ಮೊಸರು ಮುಟ್ಟಬಾರದು, ಗಂಟಲು ಕಟ್ಟುತ್ತದೆ ಎಂದು ಸುವರ್ಣಾಳ ಒಂದು ನೇಮವಿತ್ತು. ಎರಡು ವರ್ಷದಿಂದ ಅದಕ್ಕೆ ಕೆಲಸವಿರಲಿಲ್ಲ. ಸೋಮವಾರವೂ ಮಿಕ್ಕ ದಿನಗಳ ಹಾಗೆ ಮೊಸರನ್ನ ಉಣ್ಣುತ್ತಿದ್ದಳು. ಇವತ್ತು ಮಧ್ಯಾಹ್ನ ಊಟಕ್ಕೆ ಕುಳಿತಾಗ, ರೂಢಿಯಂತೆ ನಾನು ಮೊಸರಿನ ಗಡಿಗೆಯನ್ನು ಅವಳ ತಟ್ಟೆಯ ಕಡೆ ಬಾಗಿಸಿದೆ. ಅವಳು ಅನ್ನದ ಮೇಲೆ ಅಂಗೈ ಅಡ್ಡ ಹಿಡಿದಳು.