ಮಹರಿಗೊಂದು ಕಲ್ಲಿನ ಪಜಲ್

ವಾತುಗಿಲಾಂಗ್ ಊರಿನಲ್ಲಿ ಕಲ್ಲಿನ ಧೂಳು ಕೂರದ ಜಾಗವೇ ಇಲ್ಲ. ಬಾಳೆ ಎಲೆಯ ಮೇಲೆ, ಒಣಹಾಕಿದ ಬಟ್ಟೆಯ ಮೇಲೆ, ಕೋಳಿಗಳ ಬೆನ್ನಿನ ಮೇಲೆ, ಎಲ್ಲೆಲ್ಲೂ ಯಾರೋ ಹಿಟ್ಟು ಜರಡಿ ಹಿಡಿದ ಹಾಗೆ ಬಿಳಿ. ತುಲುಂಗಾಗುಂಗ್‌ನ ದಕ್ಷಿಣದ ಗುಡ್ಡಗಳಿಂದ ಅಮೃತಶಿಲೆ, ಗೆರೆಗೆರೆಯ ಓನಿಕ್ಸು ಕಲ್ಲು ಲಾರಿ ಲಾರಿ ಇಳಿದು ಬರುತ್ತವೆ. ಊರಿನವರು ಅದನ್ನು ಕೊಯ್ದು, ಉಜ್ಜಿ, ಬೇಸಿನ್ನು, ಮೇಜಿನ ಹಲಗೆ ಮಾಡಿ ಕಳಿಸುತ್ತಾರೆ. ಹುಡುಗಿಯಾಗಿದ್ದಾಗಿನಿಂದಲೂ ಕಾತೆಮಿಯ ಕೆಲಸ ಪಾಕ್ ಗುನಾರ್ಜೊನ ಕಾರ್ಖಾನೆಯಲ್ಲಿ ಕಲ್ಲಿಗೆ ಪಾಲಿಶ್ ಹಾಕುವುದು. ಅಪ್ಪ ಬೇಗ ಹೋದ, ಅಮ್ಮ ಬಹಳ ಕಾಲ ಹಾಸಿಗೆ ಹಿಡಿದಳು, ತಮ್ಮ ಸರ್ಮಿನ್‌ಗೆ ದಾರಿಯಾಗಬೇಕಿತ್ತು. ಇದೆಲ್ಲ ಮುಗಿಯುವ ಹೊತ್ತಿಗೆ ಅವಳ ಕೂದಲಲ್ಲಿ ಧೂಳು ಯಾವುದು, ನರೆ ಯಾವುದು ಎಂದು ಹೇಳಲಾಗುತ್ತಿರಲಿಲ್ಲ. ಊರಿನ ಚಿಕ್ಕವರು ದೊಡ್ಡವರಿಗೆಲ್ಲ ಅವಳು ಯು ತೆಮಿ, ತೆಮಿ ಅಕ್ಕ. ಹಾಗೆಯೇ ಗೌರವಕ್ಕೆ ಹಿರಿಯ ಗಂಡಸರು ಪಾಕ್, ಹೆಂಗಸರು ಬು, ಅಣ್ಣನಂಥವರು ಕಾಂಗ್.

ಒಂದು ದಿನ ಅವಳೇ ಪಾಲಿಶ್ ಹಾಕಿದ್ದ ಓನಿಕ್ಸಿನ ಮೇಜಿನ ಹಲಗೆ ಲಾರಿಗೆ ಏರಿಸುವಾಗ ಜಾರಿ ರಸ್ತೆಗೆ ಬಿತ್ತು. ಜೇನಿನ ಬಣ್ಣದ ಕಲ್ಲು, ನಡುವೆ ಹಾಲಿನ ಕೆನೆಯಂಥ ಗೆರೆಗಳು. ಚೂರುಚೂರಾಯಿತು. ಗುನಾರ್ಜೊ ಆಕಾಶ ಭೂಮಿ ಒಂದು ಮಾಡಿ ಕೂಗಾಡುತ್ತಿದ್ದರೆ, ಕಾತೆಮಿ ರಸ್ತೆಯಲ್ಲೇ ಚಕ್ಕಂಬಕ್ಕಲ ಹಾಕಿ ಕೂತು ಗೆರೆಗೆ ಗೆರೆ ಕೂಡಿಸತೊಡಗಿದಳು. ಕೊನೆಯ ಚೂರು ತನ್ನ ಜಾಗದಲ್ಲಿ ಟಕ್ಕೆಂದು ಕೂತಾಗ ಅವಳಿಗೆ ಎಲ್ಲಿಂದ ಬಂತೋ ನಗು, ತಡೆಯಲಾಗಲಿಲ್ಲ.

"ಯು ತೆಮಿ, ಕಲ್ಲು ಬಿದ್ದಿದ್ದು ರಸ್ತೆ ಮೇಲೋ ನಿನ್ನ ತಲೆ ಮೇಲೋ?" ಎಂದ ಗುನಾರ್ಜೊ.

"ಇನ್ನೊಂದ್ಸಲ ಬೀಳಿಸ್ತೀರಾ ಪಾಕ್?" ಎಂದು ಕೇಳಿದಳು ಅವಳು, ನಗುತ್ತಲೇ.

ಅವತ್ತು ಹಿಡಿದ ಹುಚ್ಚು ಮತ್ತೆ ಬಿಡಲಿಲ್ಲ. ಕಾರ್ಖಾನೆಯ ಹಿಂದಿನ ಹಳ್ಳಕ್ಕೆ ಎಸೆಯುತ್ತಿದ್ದ ತುಂಡು ಹಲಗೆಗಳನ್ನು ಆರಿಸಿ ತರುವಳು. ಪೆನ್ಸಿಲಿನಲ್ಲಿ ಅದರ ಮೇಲೆ ಬಳುಕುವ ಗೆರೆ ಎಳೆಯುವಳು. ವಜ್ರದ ಪುಡಿ ಅಂಟಿಸಿದ ತೆಳ್ಳನೆಯ ತಂತಿಯನ್ನು ಬಿಲ್ಲಿನಂಥ ಚೌಕಟ್ಟಿಗೆ ಬಿಗಿದು, ತೂತು ಮಾಡಿದ ಬಾಟಲಿಯಿಂದ ಹನಿ ಹನಿ ನೀರು ಬಿಡುತ್ತ ಕೊಯ್ಯುವಳು. ಅವಸರ ಮಾಡಿದರೆ ಕಲ್ಲು ಮುಕ್ಕಾಗುತ್ತದೆ. ಅಂಚುಗಳನ್ನು ಒದ್ದೆ ಉಪ್ಪುಕಾಗದದಲ್ಲಿ ತಿಕ್ಕಿ, ಕೊನೆಗೆ ಹಳೆಯ ಹತ್ತಿ ಬಟ್ಟೆಯಲ್ಲಿ ಒರೆಸಿದರೆ ಆಯಿತು. ಅದರ ಮೇಲೆ ಹೂವಿಲ್ಲ, ಆನೆಯಿಲ್ಲ, ಚಿತ್ರವೇ ಇಲ್ಲ. ಕಲ್ಲಿನೊಳಗಿನ ಗೆರೆ ಎಲ್ಲಿ ಹೋಗುತ್ತದೋ ಅದರ ಬೆನ್ನು ಹತ್ತಿ ಹೋಗಬೇಕು, ಅಷ್ಟೆ.

ಮಾಡಿದ ಪಜಲ್‌ಗಳನ್ನು ಇಡಲು ಮನೆಯಲ್ಲಿ ಜಾಗ ಸಾಲದೆ ಬು ಯಾತುನ್‌ಳ ಕಾಫಿ ಅಂಗಡಿಗೆ ತಂದಿಟ್ಟಳು. ಅಲ್ಲಿಂದ ಊರು ಕೆಟ್ಟಿತು. ಕಾಫಿ ಕುಡಿದು ತಳದ ಚರಟವನ್ನು ಸಿಗರೇಟಿಗೆ ಬಳಿದು ಸೇದುತ್ತ ಹರಟೆ ಹೊಡೆಯುತ್ತಿದ್ದ ಗಂಡಸರು ಈಗ ಸಿಗರೇಟು ಹಚ್ಚುವುದನ್ನೂ ಮರೆತು ಕಲ್ಲಿನ ಮೇಲೆ ಬಗ್ಗಿದರು. ಲಾರಿಗಳು ರಸ್ತೆಯಲ್ಲೇ ನಿಂತವು. ಊರಿನ ಮುಖ್ಯಸ್ಥ ಸಭೆಗೆ ಜನ ಬರಲಿಲ್ಲವೆಂದು ಬೈಯಲು ಬಂದವನು ತಾನೇ ಬೆಂಚಿನ ತುದಿಯಲ್ಲಿ ಕೂತುಬಿಟ್ಟ.

ಅಲ್ಲಿಗೆ ಬರುವವರಲ್ಲಿ ಸೋಯಾ ಕಾಳಿನ ತೋಫು ಮಾಡಿ ಮಾರುವ ಪೊನಿರಾನ್ ಎಂಬವನೊಬ್ಬ. ಹೆಂಡತಿ ತೀರಿಹೋಗಿ ವರ್ಷಗಳಾಗಿದ್ದವು. ಗುಂಡು ಮುಖ, ದಪ್ಪ ಬೆರಳು. ಒಂದೇ ಒಂದು ಪಜಲನ್ನೂ ಅವನು ಮುಗಿಸಿದವನಲ್ಲ. ಮುಗಿಸದಿದ್ದರೆ ಬೇರೆಯವರಿಗೆ ಸಿಟ್ಟು ಬರುತ್ತಿತ್ತು, ಇವನಿಗೆ ಖುಷಿ. ತಪ್ಪು ಚೂರನ್ನು ತಪ್ಪು ಜಾಗದಲ್ಲಿ ಒತ್ತಿ ಒತ್ತಿ, ಅದು ಕೂರದೆ ಹಾರಿದರೆ ತೊಡೆ ತಟ್ಟಿ ನಗುತ್ತಿದ್ದ. ಹೊರಗೆ ಮೋಟಾರ್ ಸೈಕಲ್ಲಿನ ಬುಟ್ಟಿಯಲ್ಲಿ ತೋಫು ಬಿಸಿಲಿಗೆ ಹುಳಿಯಾಗುತ್ತಿತ್ತು.

ಅವನ ನಗು ಕೇಳಲೆಂದೇ ಕಾತೆಮಿ ಕೆಲಸ ಮುಗಿದ ಮೇಲೆ ಆ ಕಡೆ ಹೋಗತೊಡಗಿದಳು. ಪಾಪ, ಒಂದಾದರೂ ಗೆಲ್ಲಲಿ ಎಂದು ಅವನಿಗಾಗಿ ಸುಲಭದ್ದೊಂದು ಮಾಡಿದಳು. ಅದೂ ಆಗಲಿಲ್ಲ. ಇನ್ನೂ ಸುಲಭದ್ದು ಮಾಡಿದಳು. ಕೊನೆಗೆ ಮೂರೇ ಚೂರಿನದೊಂದನ್ನು ಕೊಯ್ದು ತಂದಳು. ಪೊನಿರಾನ್ ಎರಡನ್ನು ಜೋಡಿಸಿ, ಮೂರನೆಯದನ್ನು ಕೈಯಲ್ಲಿ ಹಿಡಿದು ತಲೆ ಕೆರೆದುಕೊಂಡ.

"ಕಾಂಗ್ ಪೊನಿರಾನ್, ನಮ್ಮ ಕೋಳಿ ಕೊಕ್ಕಲ್ಲಿ ಕುಕ್ಕಿದ್ರೂ ಇದು ಕೂತ್ಕೊಳತ್ತೆ!" ಎಂದಳು ಬು ಯಾತುನ್.

"ಕೋಳಿಗೆ ಬೇರೆ ಯೋಚ್ನೆ ಇರಲ್ಲ ಬು," ಎಂದ ಅವನು. "ನಂಗೆ ಪಕ್ಕದಲ್ಲಿ ಯು ತೆಮಿ ಕೂತಿದ್ದಾರೆ."

ಅಂಗಡಿ ಹೋ ಎಂದಿತು. ಕಾತೆಮಿಯ ಮುಖ ಕಿವಿಯವರೆಗೂ ಕೆಂಪೇರಿತು. ಆದರೆ ಎದ್ದು ಹೋಗಲಿಲ್ಲ.

"ಯು," ಎಂದ ಪೊನಿರಾನ್, ಈ ಬಾರಿ ಮೆಲ್ಲಗೆ. "ಕಲ್ಲಂತೂ ನನ್ನ ಕೈಲಿ ಸೇರ್ತಿಲ್ಲ. ನಾವಾದ್ರೂ ಸೇರೋಣ್ವಾ?"

ಬು ಯಾತುನ್‌ಳ ಕೈಯಲ್ಲಿದ್ದ ಕಾಫಿ ಲೋಟ ಅಲ್ಲೇ ನಿಂತಿತು. ಕಾತೆಮಿ ಮೂರನೆಯ ಚೂರನ್ನು ಅವನ ಕೈಯಿಂದ ಕಿತ್ತುಕೊಂಡು ಜಾಗದಲ್ಲಿಟ್ಟಳು. ಟಕ್ಕೆಂದಿತು. ಅದೇ ಅವಳ ಉತ್ತರವಾಯಿತು.

"ಮಹರಿಗೆ ಏನು ಕೊಡ್ಲಿ?" ಎಂದು ಆಮೇಲೊಂದು ದಿನ ಕೇಳಿದ. ಮದುಮಗ ಮದುಮಗಳಿಗೆ ಕೊಡಲೇಬೇಕಾದ ಉಡುಗೊರೆ ಅದು. ಕೆಲವರು ಚಿನ್ನ ಕೇಳುತ್ತಾರೆ, ಕೆಲವರು ನಮಾಜಿನ ಬಟ್ಟೆ.

"ನಿಮ್ಮ ಕೈಯಾರೆ ಮಾಡಿದ ಕಲ್ಲಿನ ಪಜಲ್ ಕೊಡಿ," ಎಂದಳು ಕಾತೆಮಿ ತಮಾಷೆಗೆ. "ಅದೂ ನನ್ನ ಕೈಲಿ ಆಗ್ಬಾರ್ದು, ಅಂಥದ್ದು."

ಅವಳು ಅದನ್ನು ಅಲ್ಲೇ ಮರೆತಳು. ಅವನು ಮರೆಯಲಿಲ್ಲ. ಪೊನಿರಾನ್ ಕಾಫಿ ಅಂಗಡಿಗೆ ಬರುವುದನ್ನೇ ಬಿಟ್ಟ. ಅವನ ತೋಫು ಕೊಟ್ಟಿಗೆಯ ಹಿಂದಿನಿಂದ ಕಿರ್ ಕಿರ್ ಸದ್ದು, ನಡುವೆ "ಅಯ್ಯೋ!" ಎಂಬ ಕೂಗು ಕೇಳುತ್ತಿತ್ತು. ಒಂದೊಂದು ದಿನ ಒಂದೊಂದು ಬೆರಳಿಗೆ ಬಟ್ಟೆ. ಊರಿನ ಹೆಂಗಸರು ಗೊಣಗಿದರು.

"ಕಾಂಗ್ ಪೊನಿರಾನ್‌ದು ತೋಫು ಯಾಕೋ ಮರಳು ಅಗಿದಂಗಿದೆ!"

"ಮದ್ವೆ ಆಗೋವರ್ಗೂ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಿ," ಎನ್ನುತ್ತಿದ್ದ ಅವನು.

ಕಾತೆಮಿಗೆ ಎಲ್ಲ ಗೊತ್ತಾಗುತ್ತಿತ್ತು. ಗೊತ್ತಿಲ್ಲದ ಹಾಗಿದ್ದಳು. ಕೆಲಸದ ನಡುವೆ ಸುಮ್ಮಸುಮ್ಮನೆ ನಗು ಬಂದು ಪಾಲಿಶ್ ಯಂತ್ರ ನಿಲ್ಲಿಸಬೇಕಾಗುತ್ತಿತ್ತು.

ಮದುವೆ ಬೆಳಗ್ಗೆ ಕಾತೆಮಿಯ ಅಂಗಳದಲ್ಲಿ ನೀಲಿ ಟಾರ್ಪಾಲಿನ ಚಪ್ಪರ ಹಾಕಿದ್ದರು. ಹಿತ್ತಲಲ್ಲಿ ಲೋಧೋ ಕೋಳಿ ತೆಂಗಿನಹಾಲಿನಲ್ಲಿ ಕುದಿಯುತ್ತಿತ್ತು, ಅದರ ಖಾರದ ಘಮಕ್ಕೆ ಜನ ಆಗಲೇ ಬಾಯಲ್ಲಿ ನೀರೂರಿಸುತ್ತಿದ್ದರು. ಜಡೆ ತುಂಬ ಮಲ್ಲಿಗೆ ಮುಡಿದು, ಬಿಳಿಯ ಕುಬುಸ ತೊಟ್ಟು ಕಾತೆಮಿ ಕೂತಿದ್ದಳು. ನಿಕಾಹ್ ಮಾಡಿಸಲು ಬಂದಿದ್ದ ಪಾಕ್ ಮುಹ್ಸಿನ್ ಮೇಜಿನ ಮುಂದೆ ಕೂತು, ಮಹರಿನ ತಟ್ಟೆಯ ಮೇಲಿನ ಕೆಂಪು ಬಟ್ಟೆ ಸರಿಸಿದರು.

ತಟ್ಟೆ ತುಂಬ ಕಲ್ಲಿನ ಚೂರುಗಳ ರಾಶಿ.

"ಇದೇನಪ್ಪಾ ಇದು?"

"ಪಜಲ್, ಪಾಕ್," ಎಂದ ಪೊನಿರಾನ್. "ಕೊಯ್ದಂಗೇ ಇಟ್ಟು ತಂದಿದ್ದೆ. ದಾರೀಲಿ ಗಾಡಿ ಗುಂಡೀಗೆ ಬಿತ್ತು."

"ಹಾಗಾದ್ರೆ ಜೋಡ್ಸು. ಮಹರ್ ಪೂರ್ತಿ ಇದೆ ಅಂತ ನೋಡ್ದೆ ನಾನ್ಹೆಂಗೆ ಬರೀಲಿ?"

ಪೊನಿರಾನ್ ಒಂದು ಚೂರು ಎತ್ತಿ ನೋಡಿದ, ಇನ್ನೊಂದು ಎತ್ತಿ ನೋಡಿದ. "ಮಾಡೋದು ಕಲ್ತಿದ್ದೀನಿ ಪಾಕ್. ಜೋಡ್ಸೋದು ಇನ್ನೂ ಬಂದಿಲ್ಲ."

ಚಪ್ಪರದಡಿ ನಗುವಿನ ಅಲೆ ಎದ್ದಿತು. ಕಾತೆಮಿ ತಡೆಯಲಾರದೆ ಎದ್ದು ಬಂದಳು. "ಒಂದ್ನಿಮಿಷ ಪಾಕ್," ಎಂದು ಮೇಜಿನ ಮುಂದೆ ಮಂಡಿಯೂರಿ, ಕುಬುಸದ ತೋಳು ಮೇಲೆ ಸರಿಸಿದಳು.

ಒಂದು ನಿಮಿಷದಲ್ಲಿ ಆಗಲಿಲ್ಲ. ಕಣ್ಣುಮುಚ್ಚಿ ಕಲ್ಲು ಕೂಡಿಸುವ ಕಾತೆಮಿಗೆ ಒಂದು ಚೂರೂ ಕೂರುತ್ತಿಲ್ಲ. ಗೆರೆ ಗೆರೆಗೆ ಸೇರಿದರೆ ಅಂಚು ಸೇರದು. ಅಂಚು ಸೇರಿದರೆ ಗೆರೆ ಎಲ್ಲಿಗೋ ಓಡುತ್ತದೆ. ಅವಳ ಹಣೆಯಲ್ಲಿ ಬೆವರು ಮೂಡಿತು. ಸರ್ಮಿನ್ ಬಂದು ಹೆಗಲ ಮೇಲಿಂದ ಬಗ್ಗಿದ. ಗುನಾರ್ಜೊ ಬಂದ. ಸೌಟು ಹಿಡಿದುಕೊಂಡೇ ಬು ಯಾತುನ್ ಬಂದಳು.

"ಅಲ್ಲಿ ಅಲ್ಲಿ, ಆ ಕಂದು ಚೂರು!"

"ನೀವು ಸುಮ್ನಿರಿ, ಅದು ಮೂಲೇದು!"

"ಯು ತೆಮಿಗೇ ಆಗ್ತಿಲ್ಲ ಕಣ್ರೋ!"

ಪೊನಿರಾನ್‌ನ ಮುಖ ನೋಡಬೇಕಿತ್ತು. ಹೆಮ್ಮೆಯೋ ಹೆದರಿಕೆಯೋ, ಎರಡೂ ಒಟ್ಟಿಗೆ.

ಕಾತೆಮಿ ಒಂದು ಚೂರನ್ನು ತಿರುಗಿಸಿ ನೋಡಿದಳು. ಹಿಂದೆಯೂ ಫಳಫಳ. ಇನ್ನೊಂದನ್ನು ತಿರುಗಿಸಿದಳು. ಅದೂ ಫಳಫಳ. ಕಲ್ಲಿಗೆ ಎಲ್ಲರೂ ಒಂದೇ ಮುಖಕ್ಕೆ ಪಾಲಿಶ್ ಹಾಕುವುದು, ಹಿಂಬದಿ ಒರಟಾಗೇ ಇರುವುದು. ಈ ಪುಣ್ಯಾತ್ಮ ಎಲ್ಲಿ ನಿಲ್ಲಿಸಬೇಕೆಂದು ತಿಳಿಯದೆ ಎರಡೂ ಕಡೆ ಉಜ್ಜಿದ್ದ. ಯಾವುದು ಮೇಲೆ, ಯಾವುದು ಕೆಳಗೆ ಎಂದು ಹೇಳಲು ಗುರುತೇ ಇಲ್ಲ. ಸಾಲದ್ದಕ್ಕೆ ಅವನ ಗರಗಸ ನೆಟ್ಟಗೆ ಇಳಿದೇ ಇರಲಿಲ್ಲ, ಎಲ್ಲ ಅಂಚೂ ಓರೆ.

"ಓರೆ!" ಎಂದು ಕೂಗಿದಳು ಕಾತೆಮಿ. "ಎಲ್ಲಾ ಓರೆ ಕೊಯ್ದಿದ್ದಾರೆ! ಒಂದೊಂದು ಚೂರೂ ಒಂದೇ ಕಡೆಯಿಂದ ಇಳಿಯತ್ತೆ!"

ಅಲ್ಲಿಂದ ಅವಳ ಕೈ ಓಡಿತು. ಅಂಚಿನ ಓರೆ ನೋಡಿ ಚೂರು ಮಗುಚಿದಳು, ಇಳಿಸಿದಳು, ಮಗುಚಿದಳು, ಇಳಿಸಿದಳು. ಟಕ್, ಟಕ್, ಟಕ್. ಪ್ರತಿ ಟಕ್ಕಿಗೂ ಜನ "ಹೋ!" ಎಂದರು. ಕಂದು, ಜೇನು, ಹಾಲು ಬಣ್ಣದ ಗೆರೆಗಳು ಒಂದರ ಕೈ ಒಂದು ಹಿಡಿದು ಹೊಳೆಯಂತೆ ಹರಿದವು. ಇಷ್ಟು ವರ್ಷ ಬೇರೆಯವರಿಗಾಗಿ ಪಜಲ್ ಮಾಡಿದ್ದಳು, ಅವಳಿಗಾಗಿ ಯಾರೂ ಮಾಡಿರಲಿಲ್ಲ. ಈ ಮನುಷ್ಯ ತನ್ನ ಹತ್ತು ಬೆರಳನ್ನೂ ಕೊಯ್ದುಕೊಂಡು ಮಾಡಿದ್ದಾನೆ.

ಕೊನೆಗೆ ನಡುವೆ ಒಂದು ಸಂದು ಉಳಿಯಿತು. ತಟ್ಟೆಯಲ್ಲಿ ಒಂದು ಚೂರು ಉಳಿಯಿತು. ಚೂರು ಸಂದಿಗಿಂತ ದೊಡ್ಡದು. ಅದರ ಆಕಾರವೇ ಬೇರೆ. ಬಣ್ಣ ಹಸಿರು.

ಕಾತೆಮಿ ನಿಧಾನಕ್ಕೆ ತಲೆಯೆತ್ತಿ ಮದುಮಗನನ್ನು ನೋಡಿದಳು.

"ಆ ಜಾಗದ್ದು ಒಡೆದೋಯ್ತು ಯು," ಎಂದ ಪೊನಿರಾನ್ ನೆಲ ನೋಡುತ್ತ. "ಬೇರೆ ಮಾಡ್ದೆ. ನೆನಪಿಂದ."

"ನೆನಪಿಂದ?"

"ಹೂಂ. ನೆನಪಲ್ಲಿ ಹಿಂಗೇ ಇತ್ತು."

ಮೊದಲು ಕಾತೆಮಿಯ ಹೆಗಲು ಕುಲುಕಿತು. ಆಮೇಲೆ ಮಲ್ಲಿಗೆ ಕುಲುಕಿತು. ಆಮೇಲೆ ಅವಳು ಮೇಜಿನ ಅಂಚು ಹಿಡಿದು, ಕಣ್ಣಲ್ಲಿ ನೀರು ಬರುವ ಹಾಗೆ, ಕಾಡಿಗೆ ಕೆನ್ನೆಗಿಳಿಯುವ ಹಾಗೆ ನಕ್ಕಳು. ಅವಳ ನಗು ಸರ್ಮಿನ್‌ಗೆ ಹತ್ತಿತು, ಗುನಾರ್ಜೊಗೆ ಹತ್ತಿತು, ಮುದುಕಿಯರು ಒಬ್ಬರ ಮೇಲೊಬ್ಬರು ಒರಗಿದರು. ಗಂಭೀರವಾಗಿರಲು ಹೆಣಗುತ್ತಿದ್ದ ಪಾಕ್ ಮುಹ್ಸಿನ್ ಕನ್ನಡಕ ತೆಗೆದು ಒರೆಸುವ ನೆಪ ಮಾಡಿ ಟೋಪಿಯಲ್ಲಿ ಮುಖ ಮುಚ್ಚಿಕೊಂಡರು.

"ಬೇರೆ ತರ್ತೀನಿ," ಎಂದ ಪೊನಿರಾನ್, ತಟ್ಟೆಗೆ ಕೈ ಚಾಚಿ. "ಉಂಗುರ ಗಿಂಗುರ..."

"ಮುಟ್ಟಿದ್ರೆ ನೋಡಿ!" ಕಾತೆಮಿ ಹಸಿರು ಚೂರನ್ನು ಮುಷ್ಟಿಯಲ್ಲಿ ಬಿಗಿಹಿಡಿದಳು. "ನನ್ನ ಕೈಲಿ ಆಗ್ದೇ ಇರೋದು ಕೇಳಿದ್ದೆ, ತಂದಿದ್ದಾರೆ. ಇದೇ ನನ್ನ ಮಹರ್. ಬರ್ಕೊಳಿ ಪಾಕ್."

"ಏನಂತ ಬರೀಲಮ್ಮಾ?"

"ಕಲ್ಲಿನ ಪಜಲ್ ಒಂದು. ಬಿಡಿ ಕಲ್ಲು ಒಂದು."

ಪಾಕ್ ಮುಹ್ಸಿನ್ ಹಾಗೇ ಬರೆದುಕೊಂಡರು. ಅಪ್ಪನ ಜಾಗದಲ್ಲಿ ಸರ್ಮಿನ್ ಪೊನಿರಾನ್‌ನ ಕೈಹಿಡಿದು ಅಕ್ಕನನ್ನು ಮದುವೆ ಮಾಡಿಕೊಡುವ ಮಾತು ಹೇಳಿದ. ಮದುಮಗ ಒಂದೇ ಉಸಿರಿನಲ್ಲಿ ಒಪ್ಪಿಗೆ ಹೇಳಬೇಕು. "ಕಾತೆಮಿಯ ನಿಕಾಹನ್ನು ಕಲ್ಲಿನ ಪಜಲ್ ಒಂದು, ಬಿಡಿ ಕಲ್ಲು..." ಎನ್ನುವಷ್ಟರಲ್ಲಿ ಹಿಂದಿನಿಂದ ಯಾರೋ ಕಿಸಕ್ಕೆಂದರು. ಪೊನಿರಾನ್‌ನ ಉಸಿರು ನಗುವಾಗಿ ಒಡೆಯಿತು. ಮತ್ತೆ ಶುರು. ಈ ಬಾರಿ ಸರ್ಮಿನ್ ನಕ್ಕ. ಮತ್ತೆ ಶುರು. ಪಾಕ್ ಮುಹ್ಸಿನ್ ಬೆರಳೆತ್ತಿ, "ಇನ್ನು ಯಾರಾದ್ರೂ ಹಲ್ಲು ತೋರ್ಸಿದ್ರೆ ಲೋಧೋ ಇಲ್ಲ!" ಎಂದು ಗದರಿದ ಮೇಲೆ, ಇಡೀ ಊರು ತುಟಿ ಕಚ್ಚಿ ಹಿಡಿದ ಮೌನದಲ್ಲಿ ಪೊನಿರಾನ್ ಕಣ್ಣುಮುಚ್ಚಿ ಗಡಗಡನೆ ಹೇಳಿ ಮುಗಿಸಿದ.

"ಸಾಹ್!" ಎಂದರು ಸಾಕ್ಷಿಗಳು. ಆಯಿತು, ಸಮ್ಮತ. ತಡೆದಿದ್ದ ನಗುವೆಲ್ಲ ಒಮ್ಮೆಗೇ ಟಾರ್ಪಾಲನ್ನು ಎತ್ತಿತು.

ಊಟದ ಹೊತ್ತಿಗೆ ಪಜಲನ್ನು ಜನ ಮತ್ತೆ ಕಲಸಿದ್ದರು. ಎಡಗೈಯಲ್ಲಿ ಚೂರು, ಬಲಗೈಯಲ್ಲಿ ಕೋಳಿಯ ಕಾಲು, ಕಲ್ಲಿಗೆಲ್ಲ ಎಣ್ಣೆಯ ಹೊಳಪು. ಮದುಮಕ್ಕಳನ್ನು ಕೇಳುವವರೇ ಇರಲಿಲ್ಲ.

"ಒಂದು ಸುತ್ತು ಹೋಗಿ ಬರೋಣ್ವಾ?" ಎಂದ ಪೊನಿರಾನ್ ಕಿವಿಯಲ್ಲಿ.

ತೋಫು ಬುಟ್ಟಿಗಳನ್ನು ಬಿಚ್ಚಿಯೇ ಇರಲಿಲ್ಲ. ಅವುಗಳ ನಡುವೆ ಕಾತೆಮಿ ಅಡ್ಡಡ್ಡ ಕೂತು ಅವನ ಸೊಂಟ ಹಿಡಿದಳು. ಮದುವೆಯಾದ ಸಂಭ್ರಮದಲ್ಲಿ ಪೊನಿರಾನ್ ತೋಫು ಬಂತೆಂದು ಸಾರುವ ರಬ್ಬರ್ ಹಾರನ್ನನ್ನು ಪೋಂ ಪೋಂ ಎಂದು ಹಿಚುಕುತ್ತ ಬೀದಿಗಿಳಿದ. ಆಚೆ ಬೀದಿಯ ಹೆಂಗಸರು ದಿನದ ಅಭ್ಯಾಸದಂತೆ ಬೋಗುಣಿ ಹಿಡಿದು ಹೊರಗೆ ಓಡಿಬಂದರು. ಬಂದವರು ಬಾಯಿ ಬಿಟ್ಟು ನಿಂತರು.

"ಕಾಂಗ್, ತೋಫು ಇಲ್ವಾ?"

"ಇವತ್ತು ಹೆಂಡ್ತಿ ಮಾತ್ರ!" ಎಂದು ಕೂಗಿದ ಅವನು.

"ಮರಳು ಇಲ್ದೇ ಇರೋದು ನಾಳೆಯಿಂದ ಸಿಗತ್ತೆ!" ಎಂದು ಕಾತೆಮಿ ಹಿಂದೆ ತಿರುಗಿ ಕೈಬೀಸಿದಳು. ಬಿಕ್ಕಳಿಕೆ ಬರುವಷ್ಟು ನಕ್ಕಿದ್ದಳು. ಪ್ರತಿ ಬಿಕ್ಕಳಿಕೆಗೂ ಮೋಟಾರ್ ಸೈಕಲ್ಲು ಅಷ್ಟಷ್ಟು ಅಲುಗುತ್ತ, ಬಿಳಿ ಧೂಳೆಬ್ಬಿಸುತ್ತ, ಗುಡ್ಡದ ತಿರುವಿನ ಕಡೆ ಹೋಯಿತು.