ಕಮಲಾಪುರದ ಹಸಿ ಗೊನೆ

ಕಮಲಾಪುರದ ಕೆಂಪು ಬಾಳೆಕಾಯಿಯ ಪಿಷ್ಟ ತಣ್ಣೀರಿನಲ್ಲಿ ಕರಗುವಂತೆ ಮಾಡುವುದೇ ನನ್ನ ಪಿಎಚ್‌ಡಿ. ಬರೀ ಪಿಷ್ಟ ತಣ್ಣೀರಿಗೆ ಬಿದ್ದರೆ ತಳದಲ್ಲಿ ಸುಮ್ಮನೆ ಕೂತುಬಿಡುತ್ತದೆ. ಕ್ಷಾರದಲ್ಲಿ ನೆನೆಸಿ ಒಂದು ಆಮ್ಲದ ಜೊತೆ ಬೆಸೆದರೆ ಕರಗುತ್ತದೆ. ಕಲಬುರಗಿಯ ನಮ್ಮ ಲ್ಯಾಬಿನಲ್ಲಿ ಎಲ್ಲವೂ ಇತ್ತು, ಬಾಳೆಕಾಯಿ ಮಾತ್ರ ಇರಲಿಲ್ಲ. ಎರಡು ತಿಂಗಳೊಳಗೆ ಕರಗುವ ಪುಡಿ ತೋರಿಸದಿದ್ದರೆ ವಿಷಯವನ್ನೇ ಬದಲಿಸುವುದಾಗಿ ಗೈಡ್ ಹೇಳಿಬಿಟ್ಟಿದ್ದರು. ಎರಡು ವರ್ಷದ ದುಡಿಮೆ ಮಣ್ಣುಪಾಲಾಗುತ್ತದೆಂದು ನನಗೆ ನಿಜಕ್ಕೂ ಹೆದರಿಕೆಯಾಗಿತ್ತು.

ಕಮಲಾಪುರದಲ್ಲಿ ಕೆಂಪು ಬಾಳೆ ಬೆಳೆಯುವ ಕಾಕಾ ಒಬ್ಬರಿಗೆ ಹಸಿ ಗೊನೆ ಬೇಕೆಂದು ಹೇಳಿಬಂದೆ. ಎಂಟು ದಿನ ಬಿಟ್ಟು ಹೋದರೆ ಕಾಕಾ ಸಂಭ್ರಮದಿಂದ ಹುಲ್ಲು ಸರಿಸಿ ತೋರಿಸಿದರು. ಗೊನೆ ಪೂರ್ತಿ ಹಣ್ಣಾಗಿ ಮನೆಯೆಲ್ಲ ಘಮಘಮ ಎನ್ನುತ್ತಿತ್ತು.

“ಕಾಕಾ, ನಾ ಕಾಯಿ ಕೇಳಿದ್ದೆನ್ರೀ!”

“ಮನಿಗೆ ಬಂದ ಹೆಣ್ಣುಮಗಳಿಗೆ ಕಾಯಿ ಕೊಟ್ಟು ಕಳಸ್ಲೇನವ್ವಾ? ಮಂದಿ ಏನಂದಾರು?”

“ಹಣ್ಣಾದ್ರ ಒಳಗಿನ ಪಿಷ್ಟ ಎಲ್ಲಾ ಸಕ್ಕರಿ ಆಗಿಬಿಡ್ತದ್ರೀ.”

“ಸಕ್ಕರಿ ಆಗ್ಯದಂದ್ರ ಚಲೋನೇ ಆತಲ್ಲ!”

ಹಣ್ಣಿನ ಗೊನೆಯನ್ನೇ ಹೊತ್ತು ಬಸ್ಸು ಹತ್ತಿದೆ. ಜೇವರ್ಗಿ ಕಾಲೋನಿಯ ನಮ್ಮ ಓಣಿಯವರು ಎರಡು ದಿನ ನನ್ನ ಸಂಶೋಧನೆಯನ್ನು ಸುಲಿದು ತಿಂದರು.

ಮರುವಾರ ಅಯೋಡಿನ್ ಸೀಸೆ ಹಿಡಿದು ಮತ್ತೆ ಹೋದೆ. ಕಾಕಾನ ಕಣ್ಣೆದುರೇ ಹಣ್ಣಿನ ಮೇಲೊಂದು ಹನಿ ಬಿಟ್ಟೆ, ಬಣ್ಣ ಅಷ್ಟೇನೂ ಬದಲಾಗಲಿಲ್ಲ. ಕತ್ತರಿಸಿದ ಕಾಯಿಯ ಮೇಲೊಂದು ಹನಿ ಬಿಟ್ಟೆ, ಮಸಿಯಂತೆ ಕಪ್ಪಾಯಿತು. ನನಗೆ ಬೇಕಾದದ್ದು ಈ ಕಪ್ಪಾಗುವ ವಸ್ತುವೇ ಎಂದು ಹೇಳುವಷ್ಟರಲ್ಲಿ ಕಾಕಾ ಎರಡು ಹೆಜ್ಜೆ ಹಿಂದೆ ಸರಿದಿದ್ದರು.

“ಅಯ್ಯಯ್ಯ, ಕಾಯಾಗ ವಿಷ ಅದ! ನಾ ಕೊಡಲಿಲ್ಲ, ಅದೇ ಪುಣ್ಯಾ!”

ನನ್ನ ಸಾಕ್ಷಿ ನನಗೇ ತಿರುಗಿಬಿತ್ತು. ಸಿಟ್ಟಿನ ಜೊತೆ ಅಳುವೂ ಬಂತು, ತಡೆಯಲಾಗಲಿಲ್ಲ.

ಅಷ್ಟರಲ್ಲಿ ಅಡುಗೆಮನೆಯಿಂದ ಅವರ ಹೆಂಡತಿ, ಕಾಕು, ಹೊರಗೆ ಬಂದರು. “ಅಳಬ್ಯಾಡವ್ವಾ. ನಿನಗ ಬೇಕಾಗಿದ್ದು ಸೀರಿಗೆ ಹಾಕೋ ಗಂಜಿಯಂಥಾದ್ದು ಹೌದಿಲ್ಲೋ?”

“ಹೌದ್ರೀ ಕಾಕು, ಅದೇ!”

“ಮೊದಲೇ ಹಂಗ ಹೇಳಬಾರದಾ?” ಎಂದವರೇ ಕುಡುಗೋಲು ತೆಗೆದುಕೊಂಡು ತೋಟಕ್ಕೆ ನಡೆದರು. ಹಸಿ ಗೊನೆ ನನ್ನೊಂದಿಗೆ ಬಸ್ಸು ಹತ್ತುವವರೆಗೂ ಕಾಕಾ ಮುಖ ಆಚೆ ತಿರುಗಿಸಿ ನಿಂತಿದ್ದರು.

ಗಡುವಿನ ದಿನ ಗೈಡ್ ಎದುರು ತಣ್ಣೀರಿನ ಲೋಟಕ್ಕೆ ಒಂದು ಚಮಚ ಪುಡಿ ಹಾಕಿ ಕಲಕಿದೆ. ಪುಡಿ ಪೂರ್ತಿ ಕರಗಿ, ನೀರು ತಿಳಿಯಾಗಿಯೇ ಇದ್ದು ಗಂಜಿಯಂತೆ ದಪ್ಪವಾಯಿತು. ಅವರು ಲೋಟವನ್ನು ಬೆಳಕಿಗೆ ಹಿಡಿದು ನೋಡಿ, “ಮುಂದುವರಿಸು” ಎಂದರು. ಆ ಒಂದು ಮಾತಿಗೆ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಸುದ್ದಿ ಹೇಳಲು ಪುಡಿಯ ಸೀಸೆ ಹಿಡಿದು ಕಮಲಾಪುರಕ್ಕೆ ಓಡಿದೆ, ಗೈಡ್ ಇಟ್ಟಿದ್ದ ಗಡುವಿನ ಕಥೆಯನ್ನೂ ಹೇಳಿದೆ. ಕಾಕಾ ಸೀಸೆಯ ತಳದ ಪುಡಿ ನೋಡಿ ಮರುಗಿದರು. “ಒಂದು ಗೊನಿ ಕೆಡಿಸಿ ಇಷ್ಟೇ ಏನು? ನಿಮ್ಮ ಸರ್ ಒಮ್ಮೆನೂ ನಮ್ಮ ಹಣ್ಣು ತಿಂದಿಲ್ಲ, ಅದಕ್ಕ ನಿನಗ ಹಿಂಗ ಹೆದರಿಸ್ಯಾರ.” ಗೈಡ್‌ಗೆಂದು ಒಂದು ಚಿಪ್ಪು ಹಣ್ಣು ಕಟ್ಟಿಕೊಟ್ಟರು.

ಲ್ಯಾಬಿನ ಹೊರಗೆ, ಕಾರಿಡಾರಿನಲ್ಲಿ ನಿಂತೇ ಗೈಡ್ ಮೂರು ಹಣ್ಣು ತಿಂದರು. ನಾಲ್ಕನೆಯದನ್ನು ಸುಲಿಯುತ್ತ ತುಸು ಯೋಚಿಸಿ ಹೇಳಿದರು: “ಮುಂದಿನ ಸಲ ಹೋದಾಗ ಅವರ ಜೊತಿ ವಾದ ಮಾಡಬ್ಯಾಡ. ಕೊಟ್ಟದ್ದು ಹಂಗೇ ತಗೊಂಡು ಬಾ.”