ಬೆರಳಿನ ಭಾರ ಬಲ್ಲ ಸ್ಪ್ರಿಂಗಕ್ಕ

ಬೆಳಗಿನ ಐದೂವರೆ. ಎಲೆಕ್ಟ್ರಾನಿಕ್ ಸಾಮಾನಿನ ಈ ನಾಲ್ಕಂತಸ್ತಿನ ಮಾರುಕಟ್ಟೆಯಲ್ಲಿ ಎತ್ತಿರುವ ಷಟರ್ ಒಂದೇ ಒಂದು. ಅದೂ ನೆಲಮಹಡಿಯ ಮೆಟ್ಟಿಲ ಕೆಳಗೆ, ನೆಟ್ಟಗೆ ನಿಂತರೆ ತಲೆ ತಾಗುವ ಜಾಗದಲ್ಲಿ. ಒಳಗೆ ಒಂದು ಮೇಜು, ಒಂದು ದೀಪ, ಎರಡು ಸ್ಟೂಲು. ಗೋಡೆಯ ತುಂಬ ಮೊಳೆಗೆ ತೂಗುಹಾಕಿದ ಗೇಮ್‌ಪ್ಯಾಡ್‌ಗಳು. ಐವತ್ತೆಂಟರ ಹೆಂಗಸೊಬ್ಬರು ಅವುಗಳಲ್ಲೊಂದನ್ನು ಕಿವಿಯ ಹತ್ತಿರ ಹಿಡಿದು ಗುಂಡಿ ಒತ್ತುತ್ತಿದ್ದಾರೆ. ಟಕ್. ಇನ್ನೊಂದು. ಟಕ್. ಮೂರನೆಯದಕ್ಕೆ ಹುಬ್ಬು ಗಂಟಿಕ್ಕುತ್ತದೆ.

"ಇದರ ಸದ್ದು ಸ್ವಲ್ಪ ಮಂದ. ಒಳಗಿನ ರಬ್ಬರ್ ಸವೆದಿದೆ," ಎನ್ನುತ್ತಾರೆ. ನನಗೆ ಮೂರೂ ಒಂದೇ ಥರ ಕೇಳಿಸಿದವು. ಹಾಗೆಂದು ಹೇಳಿದರೆ ನಗುತ್ತಾರೆ. ಏಳು ಗಂಟೆಗೆ ಬೀದಿ ಎದ್ದುಬಿಟ್ಟರೆ ಅವರಿಗೂ ಕೇಳಿಸುವುದಿಲ್ಲವಂತೆ. ಇಷ್ಟು ಬೇಗ ಬಂದು ಕೂರುವುದು ಅದಕ್ಕೇ.

ಮಾರುಕಟ್ಟೆಯಲ್ಲಿ ಇವರನ್ನು ಎಲ್ಲರೂ ಕರೆಯುವುದು ಸ್ಪ್ರಿಂಗಕ್ಕ ಎಂದು. ಕಂಪ್ಯೂಟರ್ ಆಟಗಳಿಗೆ ಬೇಕಾದ ಗೇಮ್‌ಪ್ಯಾಡ್ ಆರಿಸಿಕೊಡುವುದು, ಕೆಟ್ಟದ್ದನ್ನು ಸರಿಮಾಡಿಕೊಡುವುದು ಅವರ ಹೊಟ್ಟೆಪಾಡು. ನನ್ನಂತೆ ಈ ವಿಷಯದಲ್ಲಿ ತಲೆಬುಡ ಗೊತ್ತಿಲ್ಲದವರಿಗೆ ಒಂದು ಮಾತು: ಗೇಮ್‌ಪ್ಯಾಡ್ ಎಂದರೆ ಎರಡೂ ಕೈಯಲ್ಲಿ ಹಿಡಿದು ಆಡುವ ಸಾಧನ. ಹೆಬ್ಬೆರಳುಗಳಿಗೆ ಎರಡು ಸ್ಟಿಕ್, ಒಂದಷ್ಟು ಗುಂಡಿ. ತೋರುಬೆರಳುಗಳಿಗೆ ಆಚೆ ಬದಿಯಲ್ಲಿ ಎರಡು ಟ್ರಿಗರ್. ಇದು ಮಕ್ಕಳ ಸಾಮಾನು, ಇದರಲ್ಲಿ ಬರೆಯುವುದೇನಿದೆ ಎಂದುಕೊಂಡೇ ನಾನು ಇಲ್ಲಿಗೆ ಬಂದದ್ದು. ಅದನ್ನು ಒಪ್ಪಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ಬಂದವರೆಲ್ಲ ಕೇಳುವ ಮೊದಲ ಪ್ರಶ್ನೆ, ಯಾವ ಗೇಮ್‌ಪ್ಯಾಡ್ ಚೆನ್ನಾಗಿದೆ ಎಂಬುದು. ಸ್ಪ್ರಿಂಗಕ್ಕನ ಉತ್ತರ ಪ್ರತಿಸಲವೂ ಒಂದೇ. "ಯಾರ ಕೈಗೆ?"

ಆಮೇಲೆ ಬಂದವರ ಎರಡೂ ಕೈಯನ್ನು ಮೇಜಿನ ಮೇಲೆ ಇಡಿಸುತ್ತಾರೆ. ಹೆಬ್ಬೆರಳು ಎಷ್ಟು ಉದ್ದ, ಅಂಗೈ ಬೆವರುತ್ತದೆಯೇ, ಕುರ್ಚಿಯಲ್ಲಿ ಕೂತು ಆಡುತ್ತಾರೋ ಹಾಸಿಗೆಯಲ್ಲಿ ಒರಗಿಕೊಂಡೋ, ಎಷ್ಟು ಹೊತ್ತು ಆಡುತ್ತಾರೆ, ಎಲ್ಲ ವಿಚಾರಿಸುತ್ತಾರೆ. ಆಟದ ಹೆಸರು ಕೇಳುವುದು ಕೊನೆಗೆ. ಹತ್ತಾರು ವಿಡಿಯೋ ನೋಡಿ, ಕೊಳ್ಳುವುದೇನೆಂದು ಮೊದಲೇ ತೀರ್ಮಾನಿಸಿಕೊಂಡು ಬರುವ ಯುವಕರು ಈ ವಿಚಾರಣೆಯಿಂದ ಚಡಪಡಿಸುತ್ತಾರೆ. ಕೆಲವರು, ಅಂಗಡಿಯವರು ಎಲ್ಲಿ, ಗೊತ್ತಿರುವವರನ್ನು ಕರೆಯಿರಿ ಎಂದು ಅವರ ಮುಖಕ್ಕೇ ಹೇಳಿದ್ದೂ ಉಂಟು. ಅಂಥವರಿಗೂ ಅವರು ಸ್ಟೂಲು ಎಳೆದುಕೊಡುತ್ತಾರೆ.

"ಚಪ್ಪಲಿ ಕೊಳ್ಳುವಾಗ ಕಾಲು ಹಾಕಿ ನಾಲ್ಕು ಹೆಜ್ಜೆ ನಡೀತೀರಿ. ಇದನ್ನ ಮಾತ್ರ ಡಬ್ಬದ ಮೇಲಿನ ಚಿತ್ರ ನೋಡಿ ಒಯ್ತೀರಿ. ಆಮೇಲೆ ಬೆರಳು ನೋವು ಅಂತೀರಿ," ಎನ್ನುವುದು ಅವರ ದೂರು.

ಇವರು ಇಪ್ಪತ್ತೆರಡು ವರ್ಷ ದುಡಿದದ್ದು ಬಾಲ್‌ಪೆನ್ ಕಾರ್ಖಾನೆಯಲ್ಲಿ. ಪೆನ್ನಿನೊಳಗೆ ಸ್ಪ್ರಿಂಗ್ ಕೂರಿಸುವ ಸಾಲಿನಲ್ಲಿ ಇವರದು ಕೊನೆಯ ಜಾಗ. ಒತ್ತಿ ನೋಡಿ, ಸರಿಯಿಲ್ಲದ್ದನ್ನು ಬುಟ್ಟಿಗೆ ಎಸೆಯುವ ಕೆಲಸ. ಕಾರ್ಖಾನೆ ಮುಚ್ಚಿದ ಮೇಲೆ ಈ ಮಾರುಕಟ್ಟೆಗೆ ಕಸ ಗುಡಿಸಲು ಬಂದರು. ಒಂದು ದಿನ ಅಂಗಡಿಯೊಂದರವರು ಹೊರಗೆ ಬಿಸಾಡಿದ ಗೇಮ್‌ಪ್ಯಾಡ್ ಎತ್ತಿಕೊಂಡು ಟ್ರಿಗರ್ ಒತ್ತಿದರಂತೆ. ಒಳಗೆ ಮುರಿದಿರುವುದು ಸ್ಪ್ರಿಂಗ್ ಎಂದು ಬೆರಳಿಗೆ ಗೊತ್ತಾಗಿಹೋಯಿತು. ತೆಳು ತಂತಿಯಲ್ಲಿ ತಾವೇ ಒಂದನ್ನು ಸುತ್ತಿ ಹಾಕಿದರು. ಅಲ್ಲಿಂದೀಚೆಗೆ ಪೊರಕೆ ಬಿಟ್ಟು ಹನ್ನೊಂದು ವರ್ಷವಾಗಿದೆ.

ಈಗ ದಿನಕ್ಕೆ ಹನ್ನೆರಡರಿಂದ ಹದಿನಾಲ್ಕು ಗೇಮ್‌ಪ್ಯಾಡ್ ಬಿಚ್ಚುತ್ತಾರೆ. ಒಂದೊಂದಕ್ಕೂ ಐದಾರು ತಿರುಪು. ಮೆಟ್ಟಿಲ ಕೆಳಗೆ ಬಗ್ಗಿ ಬಗ್ಗಿ ಬೆನ್ನು ನೆಟ್ಟಗಾಗುವುದಕ್ಕೆ ಬೆಳಿಗ್ಗೆ ಹೊತ್ತು ಹಿಡಿಯುತ್ತದೆ. ಎಂಟು ಗಂಟೆಗೆ ಫ್ಲಾಸ್ಕ್ ಹಿಡಿದು ಬರುವ ಗಂಡ, ಲಿಫ್ಟ್ ಆಪರೇಟರಾಗಿ ನಿವೃತ್ತರಾದವರು. ಜೀವಮಾನವಿಡೀ ಇಬ್ಬರೂ ಗುಂಡಿ ಒತ್ತಿಯೇ ಅನ್ನ ತಿಂದದ್ದು ಎಂದು ನಗಿಸುತ್ತಾರೆ. ಸ್ಪ್ರಿಂಗಕ್ಕನಿಗೆ ಆಟ ಮಾತ್ರ ಒಂದೂ ಬರುವುದಿಲ್ಲ. ಕಲಿಯಲು ಕೂತರೆ ಕಣ್ಣು ಪರದೆಯ ಮೇಲೆ ನಿಲ್ಲದೆ ಬೆರಳಿನ ಮೇಲೇ ಇರುತ್ತದಂತೆ.

ಅವರ ಮೇಜಿನ ಮೇಲೆ ಒಂದು ಸಣ್ಣ ಬಟ್ಟಲಿದೆ, ತುಂಬ ಒಂದೇ ಅಳತೆಯ ಕಬ್ಬಿಣದ ವಾಷರ್ ಬಿಲ್ಲೆಗಳು. ತಕ್ಕಡಿಯ ಬದಲು ಅವೇ. ಟ್ರಿಗರ್ ಮೇಲಕ್ಕೆ ಬರುವಂತೆ ಗೇಮ್‌ಪ್ಯಾಡನ್ನು ನಿಲ್ಲಿಸಿ, ಅದರ ಮೇಲೆ ಒಂದೊಂದೇ ವಾಷರ್ ಪೇರಿಸುತ್ತಾರೆ. ಹೊಸ ಗೇಮ್‌ಪ್ಯಾಡ್‌ನ ಟ್ರಿಗರ್ ಪೂರ್ತಿ ಇಳಿಯಲು ಸುಮಾರು ಮೂವತ್ತು ಬೇಕು. ಸ್ಪ್ರಿಂಗ್ ಮೆದುವಾಗಬೇಕಾದರೆ ತಂತಿ ತೆಳುವಾಗಬೇಕು, ಸುತ್ತು ಹೆಚ್ಚಬೇಕು. ಇದನ್ನು ಕೇಳುತ್ತಿದ್ದಾಗಲೇ ನಾನು, ಎಲ್ಲಕ್ಕಿಂತ ಹಗುರಾಗಿ ಸುತ್ತಿದ ಸ್ಪ್ರಿಂಗ್ ಎಷ್ಟರದು ಎಂದು ವಿಚಾರಿಸಿದೆ. ಅವರು ಸ್ಕ್ರೂಡ್ರೈವರ್ ಕೆಳಗಿಟ್ಟು, "ಮೂರು. ಅದು ನಾನು ಮಾಡಿದ ತಪ್ಪು," ಎಂದರು.

ಮೂರು ವರ್ಷದ ಹಿಂದೆ ಈ ಸ್ಟೂಲಿನ ಮೇಲೆ ಒಬ್ಬ ಡ್ರೈವಿಂಗ್ ಟೀಚರ್ ಬಂದು ಕೂತರು. ಮೂವತ್ತನಾಲ್ಕರ ಹೆಣ್ಣುಮಗಳು. ಡ್ರೈವಿಂಗ್ ಸ್ಕೂಲಿನಲ್ಲಿ ಹನ್ನೊಂದು ವರ್ಷ ಪಾಠ ಹೇಳಿ, ಸ್ನಾಯು ಸವೆಯುವ ಕಾಯಿಲೆ ಬಂದು ಕೆಲಸ ಬಿಟ್ಟಿದ್ದರು. ಆಗಿನ್ನೂ ಕೋಲು ಹಿಡಿದು ನಡೆಯುತ್ತಿದ್ದರು. ಬ್ರೆಡ್ ಕಂಪನಿಯ ವ್ಯಾನ್ ಓಡಿಸುವ ಅಣ್ಣ ಜೊತೆಗಿದ್ದ. ಮನೆಯ ಕಂಪ್ಯೂಟರಿನಲ್ಲಿ ದೂರದ ಊರುಗಳಿಗೆ ಲಾರಿ ಓಡಿಸುವ ಆಟವೊಂದಿತ್ತು. ಸ್ಟಿಯರಿಂಗ್ ಚಕ್ರ ತಂದು ನೋಡಿದರೆ ತೋಳು ಎತ್ತಿ ಹಿಡಿಯಲಾಗಲಿಲ್ಲ. ಕೀಬೋರ್ಡಿನಲ್ಲಿ ಕೀ ಒತ್ತಿದರೆ ಒಮ್ಮೆಗೇ ಪೂರ್ತಿ ಆಕ್ಸಿಲರೇಟರ್, ಬಿಟ್ಟರೆ ಏನೂ ಇಲ್ಲ. ಹಾಗೆ ಗಾಡಿ ಓಡಿಸುವ ಶಿಷ್ಯರನ್ನು ತಾನು ಸೀಟಿನಿಂದ ಇಳಿಸಿಬಿಡುತ್ತಿದ್ದೆ ಎಂದು ಅವರು ಹೇಳಿದ್ದು ಸ್ಪ್ರಿಂಗಕ್ಕನಿಗೆ ಇನ್ನೂ ನೆನಪಿದೆ.

ಅಂದು ಏಳು ಗೇಮ್‌ಪ್ಯಾಡ್ ಹಿಡಿಸಿ ನೋಡಿದರು. ಎಲ್ಲಕ್ಕಿಂತ ದುಬಾರಿಯದು ಭಾರವಾಯಿತು. ವೈರ್ ಇಲ್ಲದ್ದರಲ್ಲಿ ಬ್ಯಾಟರಿಯ ತೂಕ, ಅದೂ ಬೇಡವಾಯಿತು. ಕೊನೆಗೆ ಒಪ್ಪಿಗೆಯಾದದ್ದು ವೈರ್ ಇರುವ, ನಡು ಸಣ್ಣಗಿರುವ, ಟ್ರಿಗರ್ ಬಹಳ ದೂರ ಇಳಿಯುವ ಒಂದು ಸಾದಾ ಗೇಮ್‌ಪ್ಯಾಡ್. ಆಟದಲ್ಲಿ ಒಂದು ಟ್ರಿಗರ್ ಆಕ್ಸಿಲರೇಟರ್, ಇನ್ನೊಂದು ಬ್ರೇಕು. ಟ್ರಿಗರ್ ನಿಧಾನ ಇಳಿದಷ್ಟೂ ಬ್ರೇಕು ನಯವಾಗಿ ಹಿಡಿಯುತ್ತದೆ. ಸ್ಪ್ರಿಂಗ್ ಬದಲಾಯಿಸಿ ಇಪ್ಪತ್ತೆರಡು ವಾಷರಿಗೆ ಇಳಿಸಿ ಕೊಟ್ಟರು.

ಏಳೆಂಟು ತಿಂಗಳಾದ ಮೇಲೆ ಅಣ್ಣ ಒಬ್ಬನೇ ಬಂದ.

"ಅಕ್ಕಾ, ಒತ್ತೋಕೆ ಕಷ್ಟಪಡ್ತಿದ್ದಾಳೆ. ಬಾಯಿಬಿಟ್ಟು ಹೇಳಲ್ಲ. ಇನ್ನೂ ಸ್ವಲ್ಪ ಹಗುರ ಮಾಡಿಕೊಡಿ. ಮಾಡಿದ್ದು ಅವಳಿಗೆ ಗೊತ್ತಾಗಬಾರದು. ಧೂಳು ತೆಗೆಸಿಕೊಂಡು ಬಂದೆ ಅಂತೀನಿ," ಎಂದನಂತೆ.

ತಂಗಿಗೆ ತನ್ನ ಕೈ ಇನ್ನೂ ಹಾಗೇ ಇದೆ ಅನ್ನಿಸಬೇಕು. ಅವನಿಗೆ ಬೇಕಾದದ್ದು ಅಷ್ಟೇ. ಸ್ಪ್ರಿಂಗಕ್ಕ ಹದಿನಾರಕ್ಕೆ ಇಳಿಸಿದರು. ಮುಂದಿನ ಸಲ ಹನ್ನೊಂದು. ಅದರ ಮುಂದೆ ಏಳು. ಪ್ರತಿಸಲವೂ ಲೆಕ್ಕ ತಪ್ಪದಿರಲೆಂದು ಗೇಮ್‌ಪ್ಯಾಡ್‌ನ ಒಳಮೈಯಲ್ಲಿ ಪೆನ್ಸಿಲಿನಿಂದ ಅಂಕಿ ಬರೆದರು.

"ಆ ಮನೇಲಿ ಅಷ್ಟು ಧೂಳಿಲ್ಲ ಸಾರ್," ಎನ್ನುತ್ತಾರೆ. "ಡಾಕ್ಟರು ಏನು ಹೇಳಿದ್ರು ಅಂತ ನಾನು ಒಂದು ದಿನಾನೂ ಕೇಳಿಲ್ಲ. ಕೇಳೋದೇನು, ನನಗೆ ಕೈಗೇ ಗೊತ್ತಾಗ್ತಿತ್ತಲ್ಲ."

ಕಳೆದ ವಾರ ಅಣ್ಣ ಬಂದಾಗ ಮುಖ ಸಪ್ಪಗಿತ್ತು. ತಂಗಿ ಈಗ ಅರ್ಧ ಗಂಟೆಗೇ ಆಟ ನಿಲ್ಲಿಸುತ್ತಾಳೆ ಎಂದ. ಬೆರಳು ನೋಡದೆ, ಅವನ ಮುಖ ನೋಡಿ ಸ್ಪ್ರಿಂಗಕ್ಕ ಏಳರಿಂದ ಒಮ್ಮೆಗೇ ಮೂರಕ್ಕೆ ಇಳಿಸಿಬಿಟ್ಟರು. ಅವರು ಮರೆತದ್ದು ಒಂದೇ ಮಾತು: ಬೆರಳಿಗೂ ಭಾರವಿದೆ. ಸುಮ್ಮನೆ ಒರಗಿದ ತೋರುಬೆರಳು ನಾಲ್ಕು ವಾಷರಿನಷ್ಟು ತೂಗುತ್ತದೆ. ಮರುದಿನ ಪರದೆಯ ಮೇಲೆ ಲಾರಿ ಕೆಂಪು ದೀಪಕ್ಕೆ ನಿಂತಿತ್ತು. ಟೀಚರ್ ಒತ್ತಲಿಲ್ಲ. ಬೆರಳು ಅಲ್ಲಿ ಸುಮ್ಮನೆ ಇತ್ತು. ಲಾರಿ ತಾನಾಗಿ ಹೊರಟು ಸಿಗ್ನಲ್ ದಾಟಿತು. ಪಾಠ ಹೇಳಿದ ಹನ್ನೊಂದು ವರ್ಷದಲ್ಲಿ ಒಂದೂ ಸಿಗ್ನಲ್ ಹಾರಿಸಿದವರಲ್ಲ ಅವರು.

ಗೇಮ್‌ಪ್ಯಾಡ್‌ನ ಬೆನ್ನಿಗೆ ಅಂಟಿಸಿದ್ದ ಅಂಗಡಿಯ ನಂಬರಿಗೆ ಅವರೇ ಫೋನ್ ಮಾಡಿದರು. ಅಣ್ಣ ನಾಲ್ಕು ಗಂಟೆಗೇ ವ್ಯಾನ್ ತೆಗೆಯುತ್ತಾನೆ, ಬೆಳಕು ಹರಿಯುವ ಹೊತ್ತಿಗೆ ಬನ್ನಿ ಎಂದರು. ಗುಟ್ಟು ರಟ್ಟಾಗಿತ್ತು. ಆದರೂ ಎರಡು ದಿನ ಬಿಟ್ಟು ಸಾಮಾನಿನ ಪೆಟ್ಟಿಗೆ ಎತ್ತಿಕೊಂಡು ಹೊರಟರು. ಟೀಚರ್‌ರ ಅನುಮತಿ ಕೇಳಿ ನಾನೂ ಹಿಂದೆ ಹೋದೆ.

ಅದು ಎರಡು ಕೋಣೆಯ ಮನೆ. ಬಾಗಿಲು ತೆಗೆದ ತಾಯಿ ಒಳಗೆ ಕರೆಯುತ್ತಾರೆ. ಕಿಟಕಿಯ ಪಕ್ಕದ ಗಾಲಿ ಕುರ್ಚಿಯಲ್ಲಿ ಟೀಚರ್, ಮಡಿಲಲ್ಲಿ ದಿಂಬು, ದಿಂಬಿನ ಮೇಲೆ ಗೇಮ್‌ಪ್ಯಾಡ್. ಸ್ಪ್ರಿಂಗಕ್ಕ ಕೂರುವ ಮೊದಲೇ, ತಪ್ಪಾಯಿತು ಮೇಡಂ ಎನ್ನುತ್ತಾರೆ.

"ಎರಡನೇ ಸಲಾನೇ ಗೊತ್ತಾಗಿತ್ತಕ್ಕ," ಎನ್ನುತ್ತಾರೆ ಟೀಚರ್. ಸ್ವರ ಸಣ್ಣದು, ಮಾತು ಸ್ಪಷ್ಟ. "ಕ್ಲಚ್ ಕೇಬಲ್ ಬದಲಾಯಿಸಿದ್ರೆ ಕಾಲಿಗೆ ಗೊತ್ತಾಗಲ್ವಾ? ಧೂಳು ತೆಗೆಸಿದೆ ಅಂತ ಅಣ್ಣ ಹೇಳಿದಾಗೆಲ್ಲ, ಈಗ ಎಷ್ಟು ಚೆನ್ನಾಗಿದೆ ಅಂತ ನಾನೂ ಹೇಳ್ತಿದ್ದೆ. ಅವನಿಗೆ ಅಷ್ಟು ಸಮಾಧಾನ ಸಾಕಾಗ್ತಿತ್ತು."

ಸ್ಪ್ರಿಂಗಕ್ಕ ತಿರುಪು ಬಿಚ್ಚುತ್ತಾರೆ. ಮುಚ್ಚಳ ತೆರೆದಾಗ ಒಳಮೈಯ ಪೆನ್ಸಿಲ್ ಬರಹ ಕಾಣುತ್ತದೆ. ಕೈ ಅಡ್ಡ ಇಡಲು ಹೋಗಿ ಅವರು ತಡೆದುಕೊಳ್ಳುತ್ತಾರೆ. ಟೀಚರ್ ಅದನ್ನು ಹತ್ತಿರ ತರಲು ಹೇಳಿ, ಒಂದೊಂದೇ ಓದುತ್ತಾರೆ. ಇಪ್ಪತ್ತೆರಡು. ಹದಿನಾರು. ಹನ್ನೊಂದು. ಏಳು. ಅವಸರದಲ್ಲಿ ಇಳಿಸಿದ ಮೂರನ್ನು ಸ್ಪ್ರಿಂಗಕ್ಕ ಬರೆದಿರಲಿಲ್ಲ. ತನ್ನ ಮಾರ್ಕ್ಸ್ ಕಾರ್ಡ್ ಇಲ್ಲಿದೆಯೆಂದು ಗೊತ್ತಿರಲಿಲ್ಲ ಎಂದು ನಗಲು ನೋಡುತ್ತಾರೆ. ತಾಯಿ ಎದ್ದು ಅಡುಗೆಮನೆಗೆ ಹೋಗುತ್ತಾರೆ. ನಾನು ಕಿಟಕಿಯಾಚೆ ನೋಡುತ್ತೇನೆ, ಅಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

ಮುಂದಿನ ಮಾತು ಕೆಲಸದ್ದು. ನಾಲ್ಕೂವರೆ ವಾಷರಿಗೆ ಏರಿಸಿದರೆ ಬೆರಳು ಒರಗಬಹುದು, ಆದರೆ ಹೆಚ್ಚು ಹೊತ್ತು ಒತ್ತಿ ಹಿಡಿಯಲು ಟೀಚರ್‌ಗೆ ಈಗ ಶಕ್ತಿ ಸಾಲದು. ಮೂರರಲ್ಲೇ ಬಿಟ್ಟರೆ ಲಾರಿ ನಿಲ್ಲುವುದಿಲ್ಲ. ಸ್ಪ್ರಿಂಗಕ್ಕ ಕೈಕಟ್ಟಿ ಕೂರುತ್ತಾರೆ. ಹನ್ನೊಂದು ವರ್ಷದಲ್ಲಿ ಸ್ಪ್ರಿಂಗಿನಿಂದ ಬಗೆಹರಿಯದ ತೊಂದರೆ ಇದೇ ಮೊದಲಂತೆ. ದಾರಿ ಹೇಳಿದ್ದು ಟೀಚರ್. ಕಾರಿನಲ್ಲಿ ಕ್ಲಚ್ಚಿನ ಪಕ್ಕ ಎಡಗಾಲು ಇಡಲು ಒಂದು ಜಾಗವಿರುತ್ತದೆ. ಕೆಲಸವಿಲ್ಲದಾಗ ಕಾಲು ಅಲ್ಲಿರಬೇಕು, ಕ್ಲಚ್ ಮೇಲಲ್ಲ ಎಂದು ಪ್ರತಿ ಶಿಷ್ಯರಿಗೂ ಗದರಿ ಕಲಿಸಿದ್ದರು. ಬೆರಳಿಗೂ ಅಂಥ ಒಂದು ಜಾಗ ಮಾಡಿಕೊಟ್ಟರೆ?

ಸ್ಪ್ರಿಂಗಕ್ಕನ ಮುಖ ಅರಳುತ್ತದೆ. ಪೆಟ್ಟಿಗೆಯಿಂದ ಹಳೇ ಗೇಮ್‌ಪ್ಯಾಡ್‌ನ ಚೂರೊಂದನ್ನು ತೆಗೆದು, ಅರದಿಂದ ಉಜ್ಜಿ, ಟ್ರಿಗರಿನ ಪಕ್ಕಕ್ಕೆ ಹಲಗೆಯಂತೆ ಅಂಟಿಸುತ್ತಾರೆ. ಟೀಚರ್‌ರ ಬೆರಳನ್ನು ತಾವೇ ಎತ್ತಿ ಅದರ ಮೇಲಿಟ್ಟು, ಅರ್ಧ ಕೂದಲೆಳೆ ಆಚೆ, ಅರ್ಧ ಕೂದಲೆಳೆ ಈಚೆ ಎಂದು ಮೂರು ಸಲ ಕಿತ್ತು ಅಂಟಿಸುತ್ತಾರೆ. ಇನ್ನೊಂದು ಬದಿಯ ಬ್ರೇಕಿಗೂ ಹಾಗೆಯೇ. ಮುಚ್ಚಳ ಹಾಕುವ ಮುನ್ನ ಟೀಚರ್ ತಡೆದು, ಮೂರು ಎಂದು ಬರೆಯಿರಿ ಎನ್ನುತ್ತಾರೆ. ಸ್ಪ್ರಿಂಗಕ್ಕ ಬರೆಯುತ್ತಾರೆ.

ಕಂಪ್ಯೂಟರ್ ಹಾಕಿದಾಗ ಆರೂ ಮುಕ್ಕಾಲು. ಪರದೆಯ ಮೇಲೆ ಲಾರಿ ಕೆಂಪು ದೀಪದ ಹತ್ತಿರ ಬಂದು ನಿಲ್ಲುತ್ತದೆ. ಟೀಚರ್‌ರ ಬೆರಳು ಪಕ್ಕದ ಹಲಗೆಗೆ ಸರಿಯುತ್ತದೆ. ಲಾರಿ ನಿಂತೇ ಇದೆ. ದೀಪ ಹಸಿರಾಗುತ್ತದೆ. ಬೆರಳು ಟ್ರಿಗರಿಗೆ ಬರುತ್ತದೆ, ಲಾರಿ ಹೊರಡುತ್ತದೆ, ಎಷ್ಟು ನಯವಾಗಿ ಎಂದರೆ ಹೊರಟದ್ದು ನನಗೆ ಮೊದಲು ತಿಳಿಯಲೇ ಇಲ್ಲ.

ಇದನ್ನೆಲ್ಲ ಬರೆಯಲೋ ಬೇಡವೋ ಎಂದು ಕೇಳಿದೆ. ಬರೆದರೆ ಅಣ್ಣನಿಗೆ ಗೊತ್ತಾಗುತ್ತದೆ. ಟೀಚರ್ ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಬರೀರಿ. ಅವನು ಪೇಪರ್ ಓದೋದು ಭಾನುವಾರ ಮಾತ್ರ, ನಿಮ್ಮ ಪುರವಣಿ ಬರೋ ದಿನ. ಎದುರು ಕೂತು ಹೇಳೋಕೆ ನನ್ನ ಕೈಲಾಗಲ್ಲ. ಕೇಳಿಸಿಕೊಳ್ಳೋಕೆ ಅವನ ಕೈಲೂ ಆಗಲ್ಲ. ಓದಿಕೊಳ್ಳಲಿ."

ಅಂಗಡಿಗೆ ವಾಪಸು ಬಂದ ಸ್ಪ್ರಿಂಗಕ್ಕ ಮೇಜಿನ ಖಾನೆಯಿಂದ ಒಂದು ಸಣ್ಣ ಕಾಗದದ ಪೊಟ್ಟಣ ತೆಗೆದು ತೋರಿಸುತ್ತಾರೆ. ಒಳಗೆ ಕೂದಲಿನಷ್ಟು ತೆಳು ತಂತಿಯ ಎರಡು ಸ್ಪ್ರಿಂಗ್. ಎರಡು ವಾಷರಿನದು, ಹಿಂದಿನ ರಾತ್ರಿಯೇ ಸುತ್ತಿಟ್ಟದ್ದು. ಬೇಕಾದಾಗ ಒಂದಕ್ಕೂ ಇಳಿಸಬಲ್ಲೆ ಎಂದು ಹೇಳುವಾಗ ದನಿ ಗಟ್ಟಿಯಾಗಿಯೇ ಇದೆ, ಕಣ್ಣು ಮಾತ್ರ ತುಂಬಿದೆ. ನಿಮಗೇನಾದರೂ ಆಸೆ ಇದೆಯೇ, ಅಂಗಡಿ ದೊಡ್ಡದಾಗಬೇಕು ಎಂದೇನಾದರೂ, ಎಂದು ನಾನು ಪತ್ರಕರ್ತರ ಮಾಮೂಲು ಪ್ರಶ್ನೆ ಕೇಳುತ್ತೇನೆ. ಅವರು ಪೊಟ್ಟಣ ಮಡಚಿ ಖಾನೆಗೆ ಹಾಕುತ್ತಾರೆ.

"ಟೀಚರ್ ಅಣ್ಣನಿಗೆ ಒಂದು ಮಾತು ಬರೀರಿ ಸಾರ್. ಇನ್ಮೇಲೆ ಧೂಳು ಅನ್ನೋದು ಬೇಡ, ತಂಗೀನ ಕರ್ಕೊಂಡೇ ಬಾ, ಬೆರಳು ನೋಡಿ ಹಾಕಿಕೊಡ್ತೀನಿ ಅಂತ. ಭಾನುವಾರ ನಾನು ಅಂಗಡಿ ತೆಗೆಯಲ್ಲ. ಈ ಭಾನುವಾರ ತೆಗೆದಿರ್ತೀನಿ."